ಕೆಂಡದ ಕಿಂಡಿ

ಇಸವಿ ೨೦೨೧. ನನಗಾಗ ನಲವತ್ತೆಂಟು ತುಂಬಿತ್ತು. ಗಡಿನಾಡಿನ ನಾಗಲಗಿದ್ದದ ಕಡೆಯ ಶಾಲೆಯೊಂದರಲ್ಲಿ ಬಹಳ ವರ್ಷ ಕನ್ನಡ ವ್ಯಾಕರಣ ಕಲಿಸಿ, ಕನ್ನಡದಲ್ಲಿ ಓದುವ ಮಕ್ಕಳೇ ಇಲ್ಲದಂತಾದ ಮೇಲೆ ಆ ಕೆಲಸ ಬಿಟ್ಟು, ತಾಂಡೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡಿದ್ದೆ. ಕೆಲಸ ಬದಲಾದರೂ ಸ್ವಭಾವ ಬದಲಾಗಲಿಲ್ಲ. ಮಾತಿರಲಿ, ಮನೆಯಿರಲಿ, ಎಲ್ಲವೂ ಕ್ರಮದಲ್ಲಿರಬೇಕು. ಓಣಿಯಲ್ಲಿ ನೀರಿನ ನಲ್ಲಿಗೋ ಚರಂಡಿಗೋ ತಕರಾರು ಬಂದರೆ ಎರಡೂ ಕಡೆಯವರು ನನ್ನನ್ನೇ ಕರೆಯುತ್ತಿದ್ದರು. ಆದ್ದರಿಂದ ನನ್ನ ಹಿತ್ತಲಲ್ಲೇ ತಕರಾರು ಹುಟ್ಟಿದಾಗ ಅದನ್ನೂ ನ್ಯಾಯವಾಗಿ ಬಗೆಹರಿಸಬಲ್ಲೆನೆಂದು ನಂಬಿದ್ದೆ. ನ್ಯಾಯವಾಗಿಯೇ ಬಗೆಹರಿಯಿತು. ಇಂದಿಗೂ ನುಂಗಲಾಗದಿರುವುದು ಅದನ್ನೇ.

ತಾಂಡೂರಿನಲ್ಲಿ ಹಾಸುಗಲ್ಲಿಗೆ ಬರವಿಲ್ಲ. ನೆಲಕ್ಕೆ ಅದೇ, ಕಟ್ಟೆಗೆ ಅದೇ, ಗೋಡೆಗೂ ಅದೇ. ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಆಳೆತ್ತರದ ಕಲ್ಲುಗಳನ್ನು ಸಾಲಾಗಿ ನೆಟ್ಟ ಗೋಡೆಯಿದೆ. ಅದನ್ನು ಕಟ್ಟುವಾಗ ನನ್ನ ಅವ್ವ ಮತ್ತು ಪಕ್ಕದ ಮನೆಯ ಮುದುಕಿ, ಇಬ್ಬರೂ ಗೌಂಡಿಯ ಕೈ ಹಿಡಿದು ನಿಲ್ಲಿಸಿ, ಒಂದು ಕಲ್ಲಿನ ಮೇಲ್ಭಾಗವನ್ನು ಕಡಿಸಿ ಕಿಂಡಿ ಬಿಡಿಸಿದ್ದರು. ನಮ್ಮ ಹಳ್ಳಿಗಳ ಕಡೆ ಅಣ್ಣತಮ್ಮಂದಿರು ಬೇರೆಯಾಗಿ ನಡುವೆ ಗೋಡೆ ಎತ್ತಿದರೂ ಇಂಥದೊಂದು ಕಿಂಡಿಯನ್ನು ಬಿಡುವುದುಂಟು. ಒಲೆ ಹೊತ್ತಿಸಲು ಕೆಂಡ, ಮಜ್ಜಿಗೆ, ದಿನದ ಮೊದಲ ರೊಟ್ಟಿ ಅದರಲ್ಲಿ ದಾಟಬೇಕು. ಅದನ್ನು ಮುಚ್ಚಿದರೆ, ಇನ್ನು ನಿಮ್ಮ ಮನೆಯ ಸಾವಿಗೂ ಮದುವೆಗೂ ನಾವಿಲ್ಲ ಎಂದಂತೆ. ಬಾಯಿಂದ ಹೇಳಬೇಕಾದ ಅಗತ್ಯವಿಲ್ಲ. ಲೈಟರುಗಳ ಕಾಲದಲ್ಲಿ ಕೆಂಡ ಯಾರಿಗೂ ಬೇಕಾಗಿರಲಿಲ್ಲ, ಆದರೆ ಹೆಸರು ಉಳಿದಿತ್ತು: ಕೆಂಡದ ಕಿಂಡಿ. ಕಡಿದ ಕಲ್ಲಿನ ತುಂಡು ಗೋಡೆಯ ಬುಡದಲ್ಲಿ ಹಾಗೆಯೇ ಒರಗಿಕೊಂಡಿತ್ತು. ಅದರ ಮೇಲೆ ಅವ್ವ ಬೂದಿಯ ಬುಟ್ಟಿ ಇಡುತ್ತಿದ್ದಳು.

ಅವ್ವ ಬಶೀರಾಬಾದಿನ ಹತ್ತಿರದ ಹಳ್ಳಿಯಲ್ಲಿ ಕುರಿ ಕಾಯ್ದುಕೊಂಡು ಬಾಳಿದವಳು. ಅಪ್ಪ ತೀರಿಕೊಂಡು ಕುರಿಗಳನ್ನು ಮಾರಿದ ಮೇಲೆ ನನ್ನ ಬಳಿಗೆ ಬಂದಳು. ಒಳಗಿನ ಅಡುಗೆಮನೆ ನನ್ನ ಹೆಂಡತಿಯದು, ಪಡಸಾಲೆ ಟಿ.ವಿ.ಯದು. ಹಿತ್ತಲಿನ ತಗಡಿನ ಕೆಳಗಿದ್ದ ಕಟ್ಟಿಗೆ ಒಲೆಯೊಂದೇ ಅವಳದು. ಬೆಳಗಾದರೆ ಹೊಲದಿಂದ ತರಿಸಿದ ತೊಗರಿ ಕಟ್ಟಿಗೆಯನ್ನು ಮುರಿದು ಒಡ್ಡಿ, ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡಕ್ಕೆ ಒರಗಿಸಿದಾಗ ಅದು ಉಬ್ಬುವುದನ್ನು ನೋಡುವ ಅವಳ ಮುಖದಲ್ಲಿ, ಕುರಿ ಎಣಿಸಿ ಸರಿಹೋದಾಗಿನ ನೆಮ್ಮದಿ ಇರುತ್ತಿತ್ತು. ಮೊದಲ ಎರಡು ರೊಟ್ಟಿ ಕಿಂಡಿಗೆ. ಪಕ್ಕದ ಮನೆಯ ಮುದುಕಿ ತೀರಿಹೋದ ಮೇಲೂ ಅವ್ವ ಅದನ್ನು ನಿಲ್ಲಿಸಲಿಲ್ಲ. ಆಕೆಯ ಮಗ ಆ ರೊಟ್ಟಿ ತಿಂದು ಆಫೀಸಿಗೆ ಹೋಗುತ್ತಿದ್ದ. ನನಗಿಂತ ಹದಿನೈದು ವರ್ಷ ಚಿಕ್ಕವನು, ಸಂಭಾವಿತ, ನನ್ನನ್ನು ಸರ್ ಎಂದೂ ಅವ್ವನನ್ನು ಆಯಿ ಎಂದೂ ಕರೆಯುವವನು.

ಆ ವರ್ಷ ಅವನಿಗೆ ಗಂಡುಮಗು ಹುಟ್ಟಿತು. ಚಳಿಗಾಲ ಬಂದಾಗ ಒಂದು ಬೆಳಿಗ್ಗೆ ಕಿಂಡಿಯಲ್ಲಿ ರೊಟ್ಟಿಗೆ ಕೈ ಬರಲಿಲ್ಲ, ಮುಖ ಬಂತು.

"ಸರ್, ಸಿಟ್ಟಿಗೇಳಬ್ಯಾಡ್ರಿ. ಕೂಸಿನ ಎದಿ ಸೀಟಿ ಊದಿದಂಗ ಮಾಡ್ತದ. ದವಾಖಾನ್ಯಾಗ ಹೊಗಿ ಬಿಲ್ಕುಲ್ ಆಗಬಾರದು ಅಂದಾರ."

ನಾನು ಬಾಯಿ ತೆರೆಯುವ ಮೊದಲೇ ಒಲೆಯ ಮುಂದಿನಿಂದ ಅವ್ವ ಅಂದಳು: "ನೀ ಇಂಥಾದೇ ಹೊಗ್ಯಾಗ ಬೆಳದಾಂವ ನೋಡೋ. ನಿಮ್ಮವ್ವ ನಿನ್ನ ತೊಡಿ ಮ್ಯಾಲ ಹಾಕ್ಕೊಂಡು ಒಲಿ ಮುಂದ ಕುಂತು ರೊಟ್ಟಿ ತಿನಿಸ್ತಿದ್ಳಂತ."

"ಖರೇ ಆಯಿ. ಆಗಿನ ಎದಿ ಬ್ಯಾರೆ ಇದ್ವು."

"ಎದಿ ಅವೇ ಅವ. ಡಾಕ್ಟರ್‌ಗೋಳು ಭಾಳ ಆಗ್ಯಾರ."

ಅವನು ನಕ್ಕ, ನಾನೂ ನಕ್ಕೆ. ಆ ಗೋಡೆಯ ಬಳಿ ನಾವೆಲ್ಲ ಒಟ್ಟಿಗೆ ನಕ್ಕಿದ್ದು ಅದೇ ಕೊನೆ.

ಸಂಜೆ ಅವನ ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡೆ. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಹೋಗುತ್ತಿತ್ತು. ಇದರಲ್ಲಿ ನಟನೆಯಿರಲಿಲ್ಲ. ಅವರು ಸುಳ್ಳು ಹೇಳಿದ್ದರೆ ನನಗೆಷ್ಟು ಸುಲಭವಾಗುತ್ತಿತ್ತೆಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಮೊದಲು ಕಟ್ಟಿಗೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿಯೇ ಉರಿಸಬೇಕೆಂದು ನಿಯಮ ಮಾಡಿದೆ. ಹೊಗೆ ಕಡಿಮೆಯಾಯಿತು, ನಿಲ್ಲಲಿಲ್ಲ. ಬಳಿಕ ಒಲೆಯ ಮೇಲೆ ತಗಡಿನ ಕೊಳವೆ ಹಾಕಿಸಿದೆ. ಗಾಳಿ ಯಾವ ತಿಂಗಳಲ್ಲಿ ಯಾವ ಕಡೆಯಿಂದ ಬೀಸುತ್ತದೆಂದು ವಿಚಾರಿಸಿ, ಗೋಡೆಗಿಂತ ಸಾಕಷ್ಟು ಮೇಲಕ್ಕೆ ಅದರ ಬಾಯಿ ಇಡಿಸಿದೆ. ಕೊಳವೆಯ ಕೆಳಗೆ ನಿಂತು ಗೌಂಡಿಗೆ ನಾನು ವಿವರಿಸುತ್ತಿದ್ದುದನ್ನು ಅವ್ವ ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಹೊಗಿ ನಿನ್ನ ಸಾಲಿ ಹುಡುಗ ಅಲ್ಲೋ ತಮ್ಮಾ, ಸಾಲಾಗಿ ನಿಂದ್ರು ಅಂದ್ರ ನಿಂದ್ರಾಕ."

ಆದರೆ ಹೊಗೆ ನಾನು ಹೇಳಿದಂತೆಯೇ ನಡೆದುಕೊಂಡಿತು. ನಡೆದುಕೊಳ್ಳದವನು ಪಕ್ಕದ ಮನೆಯವನು. ಬೇಸಿಗೆಯಲ್ಲಿ ಅವನು ಮಗುವಿಗೆಂದೇ ಮೇಲೊಂದು ಕೋಣೆ ಕಟ್ಟಿಸಿದ. ನೆಲದ ಹೊಗೆ, ಧೂಳು ಎರಡೂ ತಾಕದ ಕೋಣೆ. ಹವೆಗೆಂದು ಇಟ್ಟ ಅದರ ಕಿಟಕಿ ನನ್ನ ಕೊಳವೆಯ ಬಾಯಿಗೆ ಸರಿಸಮವಾಗಿ ತೆರೆದುಕೊಂಡಿತು.

"ಸರ್, ನಿಮ್ಮ ಕೊಳವಿ ಸೀದಾ ನಮ್ಮ ಕಿಟಕ್ಯಾಗೇ ಊದ್ತದಲ್ರಿ."

"ಕೊಳವಿ ಮೊದಲು ಬಂದದಪ್ಪ, ಕಿಟಕಿ ಆಮ್ಯಾಲ."

"ಹೌದ್ರಿ. ಕೂಸು ಎರಡಕ್ಕೂ ಮೊದಲು ಬಂದದ."

ಅವನ ಧ್ವನಿಯಲ್ಲಿ ಒರಟುತನವಿರಲಿಲ್ಲ. ಜಗಳವಾಡಿ ಗೆಲ್ಲಬಹುದಾದ ಮನುಷ್ಯನಾಗಿದ್ದರೆ ಓಣಿಯವರನ್ನು ಸೇರಿಸುತ್ತಿದ್ದೆ. ಕೈಮುಗಿದು ಕೇಳುವವನ ಎದುರು ಸೋಲದೆ ಬೇರೆ ದಾರಿಯಿಲ್ಲ. ಇನ್ನು ಕಟ್ಟಿಗೆ ಒಲೆ ಹೊತ್ತಿಸುವುದಿಲ್ಲವೆಂದು ಮಾತು ಕೊಟ್ಟೆ.

ಹಿತ್ತಲಲ್ಲಿ, ಅದೇ ತಗಡಿನ ಕೆಳಗೆ, ಅವ್ವ ಕುಳಿತುಕೊಂಡೇ ಮಾಡುವಂತೆ ತಗ್ಗಿನ ಕಟ್ಟೆ ಕಟ್ಟಿಸಿ ಗ್ಯಾಸಿನ ಒಲೆ ಇಡಿಸಿದೆ. ಹಂಚು ಅದೇ, ಹಿಟ್ಟು ಅದೇ. ಅವ್ವ ಒಂದು ರೊಟ್ಟಿ ಬಡಿದು ಹಾಕಿ, ಮೇಲೆ ನೀರು ಸವರಿ, ತಿರುವಿ, ಅಭ್ಯಾಸಬಲದಿಂದ ಅದನ್ನೆತ್ತಿ ಕೆಂಡಕ್ಕೆ ಒರಗಿಸಲು ಹೋದಳು. ಒರಗಿಸಲು ಕೆಂಡವಿರಲಿಲ್ಲ. ರೊಟ್ಟಿ ಹಿಡಿದ ಕೈ ಅರ್ಧದಲ್ಲಿ ನಿಂತಿತು. ನಾನು ಆ ಕಡೆ ನೋಡದೆ ಸಿಲಿಂಡರಿನ ಪೈಪು ಪರೀಕ್ಷಿಸಿದೆ.

ಆ ದಿನವೂ ಎರಡು ರೊಟ್ಟಿ ಕಿಂಡಿಗೆ ಹೋದವು. ಪಕ್ಕದ ಮನೆಯವನ ಹೆಂಡತಿ ಬಂದಳು.

"ಸುಮ್ಮ ಯಾಕ ತಕಲೀಫ್ ಆಯಿ? ನಾವೂ ಈಗ ಮುಂಜಾನಿ ಇಡ್ಲಿ, ಉಪ್ಪಿಟ್ಟು ಮಾಡ್ಕೋತೀವ್ರಿ."

"ಅದಕೇನವ್ವ, ಎರಡು ರೊಟ್ಟಿ ಭಾರ ಆಗ್ತಾವೇನು?"

"ಭಾರ ಅಲ್ರಿ. ಉಳೀತಾವು. ನಿಮ್ಮ ಕೈದು ಕೆಡಸಬಾರದು ನೋಡ್ರಿ."

ಮಾತು ಮರ್ಯಾದೆಯದೇ. ಅವ್ವ ರೊಟ್ಟಿಗಳನ್ನು ಹಿಂದಕ್ಕೆ ತೆಗೆದುಕೊಂಡಳು. ಕೆಲವು ದಿನಗಳಲ್ಲಿ ಬಡಿಯುವುದನ್ನೇ ಬಿಟ್ಟಳು. ನನ್ನ ಹೆಂಡತಿ ಹಾಕಿದ್ದನ್ನು ಮಾತಿಲ್ಲದೆ ಉಂಡಳು. ಬೆಳಗಿನ ಹೊತ್ತು ಆರಿದ ಒಲೆಯ ಮುಂದೆ ಕುಳಿತು ಸೆರಗಿನ ಅಂಚಿನ ದಾರ ಕೀಳುತ್ತಿದ್ದಳು. ಕಟ್ಟಿಗೆ ಒಲೆಯನ್ನು ಒಡೆಸುತ್ತೇನೆಂದಾಗ ಮಾತ್ರ ಬಾಯಿ ತೆರೆದಳು: "ಇರ್ಲಿ ಬಿಡು. ಅದೇನು ನಿನ್ನ ಅನ್ನ ಬೇಡ್ತದೇನು?" ಓಣಿಯವರು ನಮ್ಮೆರಡು ಮನೆಗಳನ್ನು ಮಾದರಿಯೆಂದು ಹೊಗಳುತ್ತಿದ್ದರು. ಇಷ್ಟು ದೊಡ್ಡ ತಕರಾರು, ಒಂದು ಬಿರುಸು ಮಾತಿಲ್ಲದೆ ಮುಗಿಯಿತಲ್ಲ!

ಮಗು ಬೆಳೆಯಿತು. ಎದೆಯ ಸೀಟಿ ಕಡಿಮೆಯಾಯಿತು, ಪೂರಾ ಹೋಗಲಿಲ್ಲ. ಅದರ ಮೂರನೆಯ ವರ್ಷದಲ್ಲಿ ಜಾವಳ, ಮೊದಲ ಕೂದಲು ತೆಗೆಸುವ ಕಾರ್ಯ, ಇಟ್ಟುಕೊಂಡರು. ನಾರಾಯಣಖೇಡದಿಂದ, ಜಹೀರಾಬಾದಿನಿಂದ ಬೀಗರು ಬರುವವರಿದ್ದರು. ಕಾರ್ಯಕ್ಕೆ ಒಂದು ವಾರವಿರುವಾಗ ಅವನು ಹಣ್ಣು ಹಿಡಿದುಕೊಂಡು ನಮ್ಮ ಮನೆಗೆ ಬಂದು ಅವ್ವನ ಕಾಲಿನ ಹತ್ತಿರ ಕುಳಿತ.

"ಆಯಿ, ಅಡಗಿಗಿ ಮಂದಿ ಬರ್ತಾರ. ಆದರ ರೊಟ್ಟಿ ನಿಮ್ಮ ಕೈದೇ ಆಗಬೇಕು. ನಮ್ಮವ್ವ ಇದ್ದಿದ್ರ ನಿಮಗೇ ಹೇಳ್ತಿದ್ಳು."

"ಆ ಗ್ಯಾಸಿನ ಮ್ಯಾಲ ನೂರು ಮಂದಿಗಿ ಹ್ಯಾಂಗ ಬಡೀಲೋ?"

"ಗ್ಯಾಸ್ ಯಾಕ ಆಯಿ? ನಿಮ್ಮ ಕಟ್ಟಿಗಿ ಒಲಿ ಅದಲ್ಲ. ಬೀಗರು ಒಲಿ ರೊಟ್ಟಿನೇ ಕೇಳ್ಯಾರ."

ನಾನು ಅವನ ಮುಖ ನೋಡಿದೆ. ಅವನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಾನು ಏನಾದರೂ ಅಂದೇನೆಂದು ಅವ್ವ ಅವಸರದಿಂದ "ಆಗಲೇಳು, ಬಡೀತೀನಿ" ಅಂದುಬಿಟ್ಟಳು. ಅದೇ ಮಧ್ಯಾಹ್ನ ಒಲೆಗೆ ಸಗಣಿ ಸಾರಿಸಿದಳು.

ಕಾರ್ಯದ ಭಾನುವಾರ ನಸುಕಿನಿಂದ ನಮ್ಮ ಹಿತ್ತಲಲ್ಲಿ ಹೊಗೆ. ಓಣಿಯಲ್ಲಿ ಹೊಂಡ ತೋಡಿ ಹೊತ್ತಿಸಿದ ದೊಡ್ಡ ಒಲೆಗಳ ಹೊಗೆ ಬೇರೆ. ಎರಡೂ ಮನೆಗಳ ಕಿಟಕಿಗಳಲ್ಲಿ, ಬಟ್ಟೆಗಳಲ್ಲಿ ಹೊಗೆ. ಅವ್ವನ ಎರಡೂ ಪಕ್ಕದಲ್ಲಿ ಹಿಟ್ಟು ನಾದಿಕೊಡುವ ಹೆಂಗಸರು, ನಡುವೆ ಅವಳ ಚಪ್ಪಾಳೆಯಂಥ ಬಡಿತ. ಕಿಂಡಿಯ ಆಚೆ ಕೈಗಳು ಸಾಲುಗಟ್ಟಿದ್ದವು. "ಆಯಿ, ಇನ್ನೆರಡು", "ಆಯಿ, ಬಿಸೇದು ಕೊಡ್ರಿ", "ಸಾಕ್ರಿ, ಬೀಗರ ಹೊಟ್ಟಿ ಒಡದೀತು". "ಒಡೀಲಿ ಬಿಡು, ಇನ್ನೊಂದು ಸಲ ಬರಂಗಿಲ್ಲ ಅವರು" ಎಂದು ಅವ್ವ ಆಚೆಗೆ ಕೇಳುವಂತೆ ಕೂಗಿ ಎಲ್ಲರನ್ನೂ ನಗಿಸಿದಳು. ಮಧ್ಯಾಹ್ನ, ಅದುವರೆಗೆ ಮೇಲಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ಇಟ್ಟಿದ್ದ ಮಗುವನ್ನು, ಬೋಳುತಲೆಗೆ ಅರಿಶಿನ ಹಚ್ಚಿ ಅವನು ಎತ್ತಿಕೊಂಡು ಬಂದ. ಅವ್ವ ಕೆಂಡದ ಪಕ್ಕದಿಂದ ರೊಟ್ಟಿಯ ಚೂರೊಂದನ್ನು ಮುರಿದು, ಊದಿ ಆರಿಸಿ, ಅದರ ಬಾಯಿಗಿಟ್ಟಳು. ಮಗು ಕೆಮ್ಮಲಿಲ್ಲ. ಇನ್ನೊಂದು ಚೂರಿಗೆ ಬಾಯಿ ತೆರೆಯಿತು. ಅವ್ವನ ಕಣ್ಣಿನಲ್ಲಿ ನೀರಿತ್ತು. ಹೊಗೆಯದೆಂದೇ ಎಲ್ಲರೂ ಅಂದುಕೊಂಡರು.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ತೊಗರಿ ಕಟ್ಟಿಗೆ ಮುರಿಯುವ ಸದ್ದು ಕೇಳಿಸಿತು. ಅವ್ವ ಒಲೆ ಹೊತ್ತಿಸಿದ್ದಳು. ಯಾರನ್ನೂ ಕೇಳಿರಲಿಲ್ಲ. ನಿನ್ನೆ ಕೇಳಿಕೊಂಡು ಬಂದು ಹೊತ್ತಿಸಿದ ಬೆಂಕಿಯನ್ನು ಇಂದು ಬೇಡವೆನ್ನುವರೆಂದು ಅವಳಿಗೆ ಹೊಳೆದಿರಲೇ ಇಲ್ಲ. ಎರಡು ರೊಟ್ಟಿ ಉಬ್ಬಿದವು. ಅವನ್ನು ಬಟ್ಟೆಯಲ್ಲಿ ಸುತ್ತಿ ಕಿಂಡಿಯ ಬಳಿ ಹೋಗುವಷ್ಟರಲ್ಲಿ ಆಚೆಯಿಂದ ಅವನ ಮುಖ ಬಂತು.

"ಆಯಿ, ಇವತ್ತೂ ಹೊತ್ತಿಸೀರೇನು?"

"ಹೂಂ. ತಗೋ, ಬಿಸಿ ಅವ."

"ಆಯಿ, ನಿನ್ನೀದು ಬ್ಯಾರೆ ಇತ್ತು. ಕಾರ್ಯ ಇತ್ತು. ಜರಾ ಸಮಜ್ ಮಾಡ್ಕೋರಿ." ಅಷ್ಟರಲ್ಲಿ ನನ್ನನ್ನು ಕಂಡು, "ಸರ್, ನೀವರ ಹೇಳ್ರಿ. ನಮ್ಮದು ಮಾತು ಆಗ್ಯಾದಲ್ಲ" ಎಂದ.

ಮಾತು ಆಗಿತ್ತು, ನಿಜ. ನಾನು ಕೊಟ್ಟ ಮಾತು ಅದು. ತಪ್ಪಿ ನಡೆದವರು ಯಾರೂ ಇರಲಿಲ್ಲ.

ಅವ್ವ ಒಲೆಯ ಬಳಿ ಬಂದು ಚರಿಗೆ ಎತ್ತಿದಳು. ಉರಿಯುವ ಒಲೆಗೆ ನೀರು ಹೊಯ್ಯಬಾರದೆಂದು ನನ್ನನ್ನು ಚಿಕ್ಕಂದಿನಲ್ಲಿ ಬೈದವಳು ಅವಳೇ. ಹೊಯ್ದಳು. ಬುಸ್ಸೆಂದು ಬೂದಿ ಎದ್ದು ಎರಡೂ ಹಿತ್ತಲುಗಳ ಮೇಲೆ ಹರಡಿತು. ಆಮೇಲೆ ಗೋಡೆಯ ಬುಡದ ಕಲ್ಲಿನ ತುಂಡಿನ ಮೇಲಿಂದ ಬುಟ್ಟಿ ತೆಗೆದಿಟ್ಟು ನನ್ನ ಕಡೆ ತಿರುಗಿದಳು.

"ಈ ಕಲ್ಲು ಎತ್ತಿ ಕಿಂಡ್ಯಾಗ ಇಡು."

"ಅವ್ವಾ, ಕಿಂಡಿ ಮುಚ್ಚಿದ್ರ ಏನು ಅರ್ಥ ಆಗ್ತದ, ಗೊತ್ತದಲ್ಲ?"

"ಅರ್ಥ ನನಗ ಹೇಳಬ್ಯಾಡ. ಬಿಟ್ಟಾಕಿ ನಾನು, ಮುಚ್ಚಾಕಿನೂ ನಾನೇ. ಹೊಗಿ ಹೋಗಬಾರದು ಅಂದ್ರ ಅವರಿಗಿ ಇದೇ ಬರಾಬರ್."

ಆಚೆಯವನು "ಆಯಿ, ಅಷ್ಟಕ್ಕ ಯಾಕ್ರಿ?" ಎಂದ. ಎರಡು ಸಲ ಅಂದ. ಉಬ್ಬಿದ್ದ ರೊಟ್ಟಿಗಳು ಬಟ್ಟೆಯಲ್ಲಿ ಇಳಿದು ಚಪ್ಪಟೆಯಾಗಿದ್ದವು. ಬೀದಿಯ ನಾಯಿಗೂ ಹಾಕದೆ, ಅವನ್ನು ಅವಳೇ ಕುಳಿತು ತಿಂದಳು.

ಈಗಲೂ ಅವನು ಎದುರಾದರೆ ಗಾಡಿ ನಿಲ್ಲಿಸಿ ನಮಸ್ಕಾರ ಸರ್ ಅನ್ನುತ್ತಾನೆ. ನಾನೂ ಮಗುವಿನ ಆರೋಗ್ಯ ಕೇಳುತ್ತೇನೆ. ನಮ್ಮ ನಡುವೆ ಮನಸ್ತಾಪವಿದೆಯೆಂದು ಓಣಿಯಲ್ಲಿ ಯಾರೂ ಹೇಳಲಾರರು. ಅವ್ವ ಹಿತ್ತಲಿಗೆ ಹೋಗುವುದಿಲ್ಲ. ಅವಳ ತಗ್ಗಿನ ಕಟ್ಟೆಯ ಮೇಲೆ ನನ್ನ ಹೆಂಡತಿ ತುಳಸಿ, ಪುದೀನದ ಕುಂಡಗಳನ್ನಿಟ್ಟಿದ್ದಾಳೆ.

ಅವ್ವ ಕಲ್ಲು ಎತ್ತಿಡೆಂದ ಆ ದಿನ ಕಚೇರಿಗೆ ರಜೆ ಹಾಕಿದೆ. ಕರಣಕೋಟದ ರಸ್ತೆಯ ಅಂಗಡಿಯಿಂದ ಸಿಮೆಂಟು ತಂದು ನಾನೇ ಕಲಸಿದೆ. ತುಂಡು ಅಷ್ಟು ವರ್ಷ ಹೊರಗೆ ಬಿದ್ದಿದ್ದರೂ ತನ್ನ ಜಾಗಕ್ಕೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಸಂದುಗಳನ್ನು ನೀಟಾಗಿ ಒರೆಸಿ, ಕೆಲಸ ಮುಗಿದಾಗ ಗೌಂಡಿಗಳು ಬರೆಯುವಂತೆ, ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ಬರೆದೆ: ೨೬ ಫೆಬ್ರುವರಿ ೨೦೨೪, ಸೋಮವಾರ.