ಶಿವುಗೊಂದು ಎಡೆ

ರಾಮಗಿರಿ ಸುತ್ತಮುತ್ತ ಯಾರ ಮನೆಯಲ್ಲಾದರೂ ಒಬ್ಬರು ತಾವಾಗಿ ಜೀವ ಕಳೆದುಕೊಂಡರೆ, ಮಣ್ಣು ಮಾಡಿ ಬಂದ ಮೇಲೆ ಆ ಮನೆಯ ಅಂಗಳದಲ್ಲಿ ಜನ ಬೇಗ ಕರಗುತ್ತಾರೆ. ಬೇರೆ ಸಾವಿಗೆ ಬುತ್ತಿ ಹೊತ್ತು ತರುವ ನೆಂಟರು ಈ ಸಾವಿಗೆ ಬರಿಗೈಯಲ್ಲಿ ಬರುತ್ತಾರೆ. ಮಳೆಯ ಮಾತು, ಈರುಳ್ಳಿ ರೇಟಿನ ಮಾತು ಆಡಿ ಎದ್ದು ಹೋಗುತ್ತಾರೆ. ಹೋದವರ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಿದರೆ ಆ ಸಾವು ತಮ್ಮ ಹಿಂದೆಯೇ ನಡೆದು ಬಂದು ತಮ್ಮ ಮನೆಯಲ್ಲೂ ಕೂರುತ್ತದೆ ಎಂಬ ಭಯ. ಅಂಥ ಮನೆಗೆ ಸೀದಾ ಹೋಗಿ, ಒಲೆ ಪಕ್ಕ ಕೂತು, ಹೋದವರ ಹೆಸರು ಹಿಡಿದೇ ಮಾತು ಶುರು ಮಾಡುವವಳು ಜಯಕ್ಕ.

ಜಯಕ್ಕ ರಾಮಗಿರಿಯ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಗೊಲ್ಲರ ಹೆಂಗಸು, ಐವತ್ತು ದಾಟಿದವಳು. ನೀರಿನ ಹೋರಾಟದ ದಿನಗಳಲ್ಲಿ ಚಿತ್ರದುರ್ಗದ ರಸ್ತೆಯಲ್ಲಿ ಮೈಕು ಕೈಕೊಟ್ಟಾಗ ಅವಳನ್ನು ಮುಂದಕ್ಕೆ ಬಿಡುತ್ತಿದ್ದರು. ಒಂದು ಗುಡ್ಡದಿಂದ ಇನ್ನೊಂದು ಗುಡ್ಡದ ಕುರಿಯನ್ನು ತಿರುಗಿಸುವ ಗಂಟಲು ಅದು, ಮೈಕಿನ ಹಂಗಿಲ್ಲ. ಪೊಲೀಸರು ವ್ಯಾನು ಹತ್ತಿಸುವಾಗಲೂ, "ಸಾಹೇಬ್ರೆ, ಮೂರು ಗಂಟೆಗೆ ಬಿಡ್ರಿ, ನಾಳೆ ಮಕ್ಕಳ ಸಾರಿಗೆ ಬೇಳೆ ಆರಿಸ್ಬೇಕು" ಎಂದು ಕೇಳಿದವಳು.

ಸಾವಿನ ಮನೆಗೆ ಹೋಗಿ ಕೂರುವ ಈ ಕೆಲಸಕ್ಕೆ ಅವಳನ್ನು ಯಾರೂ ನೇಮಿಸಲಿಲ್ಲ. ಅದು ಶುರುವಾದದ್ದು ಕಿರಾಣಿ ಅಂಗಡಿ ನಾಗರಾಜಪ್ಪನ ಮನೆಯಿಂದ. ಅವರ ಮಗಳು ಪಲ್ಲವಿ ಹಾಗೆ ಹೋದ ಮೇಲೆ ತಾಯಿ ಅನ್ನಪೂರ್ಣಮ್ಮ ಬಾಯಿ ಬಿಡುವುದನ್ನೇ ಬಿಟ್ಟಿದ್ದರು. ಬಂದವರೆಲ್ಲ ಧೈರ್ಯ ಹೇಳಿದರು. ಮಠದಿಂದ ವಿಭೂತಿ ತಂದುಕೊಟ್ಟರು. ಜಯಕ್ಕ ಶಾಲೆಗೆ ಎಣ್ಣೆ ತರಲು ಹೋದವಳು ಅಂಗಡಿ ದಾಟಿ ಒಳಮನೆಗೆ ನುಗ್ಗಿ, "ಅನ್ನಪೂರ್ಣಮ್ಮೋರೇ, ನಿಮ್ಮ ಪಲ್ಲವಿ ನಮ್ಮ ಸ್ಕೂಲಾಗೆ ಇರೋವಾಗ ಊಟಕ್ಕೆ ಕುಂತ್ರೆ ಕ್ಯಾರೆಟ್ಟು ಆರಿಸಿ ಪಕ್ಕದೋಳ ತಟ್ಟೆಗೆ ಹಾಕ್ತಿದ್ಲು. ಮನೇಲೂ ಹಂಗೇನಾ?" ಎಂದು ಕೇಳಿದಳು.

ನಾಗರಾಜಪ್ಪ ತಕ್ಕಡಿ ಬಿಟ್ಟು ಓಡಿ ಬಂದರು. "ಏ ಜಯಕ್ಕ, ಆ ವಿಷ್ಯ ಎತ್ಬ್ಯಾಡ ಮಾರಾಯ್ತಿ. ಆಕೆಗೆ ಬಿಪಿ ಐತೆ."

"ನೀವು ಸುಮ್ನಿರ್ರಿ," ಎಂದರು ಅನ್ನಪೂರ್ಣಮ್ಮ. ಆಮೇಲೆ ಜಯಕ್ಕನ ಕಡೆ ತಿರುಗಿ, "ಕ್ಯಾರೆಟ್ಟು ಅಷ್ಟೇ ಅಲ್ಲ ಕಣೇ, ಬದನೆಕಾಯಿನೂ ಮುಟ್ತಿರ್ಲಿಲ್ಲ" ಎಂದು ಶುರು ಮಾಡಿದವರು ದನ ಮನೆಗೆ ಬರುವ ಹೊತ್ತಿನವರೆಗೆ ಮಾತಾಡಿದರು. ಏಳುವ ಮೊದಲು ಜಯಕ್ಕ ಕೇಳಿದಳು: "ನಿಮಗೂ ಸಾಯ್ಬೇಕು ಅನಿಸ್ತೈತಾ?"

"ದಿನಾ," ಎಂದರು ಅನ್ನಪೂರ್ಣಮ್ಮ.

ಮಾರನೇ ವಾರ ಜಯಕ್ಕನೇ ಅವರನ್ನು ಹೊಳಲ್ಕೆರೆ ಆಸ್ಪತ್ರೆಗೆ, ಮನಸ್ಸಿನ ಡಾಕ್ಟರು ಬರುವ ದಿನ ನೋಡಿ, ಕರೆದುಕೊಂಡು ಹೋದಳು. ಬಾಯಿ ಬಿಟ್ಟು ಕೇಳಿದ್ದು ತಪ್ಪಾಯಿತೇನೋ ಎಂಬ ಅಳುಕು ಅವಳಿಗಿತ್ತು. ಅಲ್ಲಿನ ಕೌನ್ಸೆಲರ್, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಗೆ ಬರುತ್ತದೆ ಅಷ್ಟೇ ಎಂದು ಬಿಡಿಸಿ ಹೇಳಿದರು. ಅವತ್ತಿನಿಂದ ಅನ್ನಪೂರ್ಣಮ್ಮನೂ ಜೊತೆಗೆ ನಿಂತರು. ಈಗ ಐದಾರು ಹೆಂಗಸರಿದ್ದಾರೆ. ಬೋರ್ಡಿಲ್ಲ, ಸಂಘದ ಹೆಸರಿಲ್ಲ. ಅಂಥ ಮನೆಗೆ ಹೋಗುತ್ತಾರೆ, ಕೂರುತ್ತಾರೆ, ಹೆಸರು ಹಿಡಿದು ಮಾತಾಡುತ್ತಾರೆ, ಬಾಯಿಬಿಟ್ಟು ಕೇಳುತ್ತಾರೆ, ಬೇಕಾದವರನ್ನು ಬಸ್ಸು ಹತ್ತಿಸುತ್ತಾರೆ.

ಇಷ್ಟೆಲ್ಲ ಮಾಡುವ ಜಯಕ್ಕನ ತವರಿನಲ್ಲೇ ಒಂದು ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ತವರು ಜವನಗೊಂಡನಹಳ್ಳಿ ಹತ್ತಿರದ ಗೊಲ್ಲರಹಟ್ಟಿ. ಅಪ್ಪ ಗೊಲ್ಲಪ್ಪ, ದೊಡ್ಡ ತಮ್ಮ ರಂಗೇಶ್, ಅವನ ಹೆಂಡತಿ ನೇತ್ರಾವತಿ, ಮೊಮ್ಮಕ್ಕಳು, ಒಂದು ದೊಡ್ಡ ಹಿಂಡು. ಚಿಕ್ಕ ತಮ್ಮ ಶಿವು ಇದ್ದ. ಇಡೀ ಹಟ್ಟಿಯ ನಡಿಗೆಯನ್ನು ಒಬ್ಬೊಬ್ಬರದಾಗಿ ನಡೆದು ತೋರಿಸುತ್ತಿದ್ದ. ಪೂಜಾರಪ್ಪನ ಕುಂಟು ನಡಿಗೆಯನ್ನು ಪೂಜಾರಪ್ಪನ ಮುಂದೆಯೇ ನಡೆದು ಬೈಸಿಕೊಂಡವನು. ಮದುವೆಯ ವಯಸ್ಸಿನಲ್ಲಿ ತಾನಾಗಿ ಜೀವ ಕಳೆದುಕೊಂಡುಬಿಟ್ಟ. ಯಾಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ, ಯಾವುದೂ ಪೂರ್ತಿ ನಿಜವಲ್ಲ. ತಿಂಗಳುಗಟ್ಟಲೆ ಅವನಿಗೆ ನಿದ್ದೆ ಇರಲಿಲ್ಲ, ನಗು ನಿಂತಿತ್ತು, ಇಷ್ಟಪಟ್ಟು ಕೊಂಡ ಅಂಗಿಗಳನ್ನೆಲ್ಲ ಅವರಿವರಿಗೆ ಕೊಟ್ಟುಬಿಟ್ಟಿದ್ದ. ಅದು ಕಾಯಿಲೆ, ಅದಕ್ಕೆ ಮದ್ದಿದೆ ಎಂದು ಹಟ್ಟಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮಾರ್ನಮಿ ಅಮಾಸೆಗೆ ಹಿರಿಯರ ಹಬ್ಬ. ಹೋದವರಿಗೆ ಇಷ್ಟವಾದದ್ದನ್ನು ಮಾಡಿ, ಎಲೆಯ ಮೇಲೆ ಎಡೆ ಬಡಿಸಿ, ಮನೆಯ ಹಿರಿಯ ಒಬ್ಬೊಬ್ಬರ ಹೆಸರನ್ನೂ ಕೂಗಿ ಕರೆಯಬೇಕು. ಆಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂತು, ಬಂದವರು ಉಣ್ಣಲಿ ಎಂದು ಕಾಯಬೇಕು. ಶಿವು ಹೋದ ವರ್ಷ ಹಟ್ಟಿಯ ಯಜಮಾನ ಕಾಟಪ್ಪ ಹೇಳಿದ್ದ: "ಹಂಗೆ ಹೋದೋರಿಗೆ ಎಡೆ ಇಲ್ಲ. ಕರೀಬ್ಯಾಡ." ಗೊಲ್ಲಪ್ಪ ಕರೆಯಲಿಲ್ಲ. ವರ್ಷ ವರ್ಷ ತನ್ನ ಮುತ್ತಜ್ಜನಿಂದ ಹಿಡಿದು ಹೆಂಡತಿಯವರೆಗೆ ಕೂಗಿ ನಿಲ್ಲಿಸುತ್ತಿದ್ದ. ಜಯಕ್ಕ ಪ್ರತಿ ಹಬ್ಬಕ್ಕೂ ತವರಿಗೆ ಹೋಗುತ್ತಿದ್ದಳು. ಅವ್ವನ ಹೆಸರು ಮುಗಿದ ಮೇಲೆ ಅಪ್ಪ ಒಂದು ಉಸಿರು ಎಳೆದುಕೊಳ್ಳುತ್ತಿದ್ದ. ಆ ಉಸಿರಿಗಾಗಿ ಅವಳು ಕಿವಿ ನೆಟ್ಟು ನಿಲ್ಲುತ್ತಿದ್ದಳು. ಉಸಿರು ಹಾಗೆಯೇ ಹೊರಗೆ ಹೋಗುತ್ತಿತ್ತು, ಹೆಸರಿಲ್ಲದೆ. ಬೀದಿಯಲ್ಲಿ ಸಾವಿರ ಜನರ ಮುಂದೆ ಕೂಗುವವಳು ಅಲ್ಲಿ ಸೆರಗು ಬಾಯಿಗಿಟ್ಟು ವಾಪಸ್ ಬರುತ್ತಿದ್ದಳು.

ಈ ಸಲ ಹಬ್ಬಕ್ಕೆ ಇನ್ನೂ ಕೆಲವು ವಾರ ಇರುವಾಗ ನೇತ್ರಾವತಿ ಫೋನ್ ಮಾಡಿದಳು.

"ಅಕ್ಕ, ಮಾವ ಕಂಬಳಿ ಕೊಟ್ಟುಬಿಟ್ರು. ಕಾಟಪ್ಪನೋರಿಗೆ."

"ಯಾವ ಕಂಬಳಿ? ಅವರ ಸ್ವಂತದ್ದಾ?"

"ಹೂಂ ಅಕ್ಕ. ತಮ್ಮ ಪಾಲಿನ ಕುರಿ ಯಾವ್ಯಾವುದು ಯಾವ ಮೊಮ್ಮಗೂಗೆ ಅಂತ ಕಿವಿ ಹಿಡಿದು ತೋರಿಸವ್ರೆ. ಊಟ ಅರ್ಧಕ್ಕೆ ಬಿಡ್ತಾರೆ. ಇವ್ರು ನೋಡಿದ್ರೆ, ಅಪ್ಪಂಗೆ ವೈರಾಗ್ಯ ಬಂದೈತೆ, ಒಳ್ಳೇದೇ ಬಿಡು ಅಂತಾರೆ. ಕಾಟಪ್ಪನೋರು ಹಟ್ಟಿ ತುಂಬ, ಗೊಲ್ಲಪ್ಪ ಋಷಿ ಆದ ಅಂತ ಹೇಳ್ಕಂಡು ತಿರುಗ್ತಾವ್ರೆ."

ಕುರಿಗಾರ ಹಸಿವಾದರೆ ಸಹಿಸುತ್ತಾನೆ, ಕಂಬಳಿ ಬಿಡುವುದಿಲ್ಲ. ಮಳೆಗೆ, ಚಳಿಗೆ, ಬಿಸಿಲಿಗೆ, ಹುಟ್ಟಿದ ಮರಿಯನ್ನು ಸುತ್ತಿ ತರುವುದಕ್ಕೆ ಅದೇ. ಮುಂದೆ ಒಂದು ಚಳಿಗಾಲ ಇದೆ ಎಂದುಕೊಂಡವನು ಅದನ್ನು ಕೊಡುವುದಿಲ್ಲ. ಹಟ್ಟಿಯವರು ಅದನ್ನೇ ದೊಡ್ಡ ಗುಣವೆಂದು ಕೊಂಡಾಡುತ್ತಿದ್ದರು. ಶಿವು ಅಂಗಿ ಕೊಟ್ಟಾಗಲೂ ಹೊಗಳಿದ್ದರು. ಜಯಕ್ಕ ಸೌಟು ಅಲ್ಲೇ ಇಟ್ಟು, "ಅವರ ಜೊತೆಗೇ ಇರು, ಒಬ್ಬರನ್ನೇ ಬಿಡಬ್ಯಾಡ, ನಾನು ಹೊರಟೆ" ಎಂದಳು. ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು, ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಮಧ್ಯಾಹ್ನದ ಹೊತ್ತಿಗೆ ಹಟ್ಟಿ ಮುಟ್ಟಿದಳು.

ಗೊಲ್ಲಪ್ಪ ಶೇಂಗಾ ಕಿತ್ತ ಹೊಲದಲ್ಲಿ ಕುರಿ ಬಿಟ್ಟುಕೊಂಡು ಜಾಲಿ ಮರದ ಕೆಳಗೆ ಕೂತಿದ್ದ. ಸ್ವಲ್ಪ ದೂರದಲ್ಲಿ ನೇತ್ರಾವತಿ ಸೌದೆ ಆಯುವ ನೆಪದಲ್ಲಿ ಕಾಯುತ್ತಿದ್ದಳು. ಜಯಕ್ಕ ಪಕ್ಕ ಕೂತಳು. ಕುರಿ ಬಗ್ಗೆ ಕೇಳಿದಳು, ಮಂಡಿನೋವಿನ ಬಗ್ಗೆ ಕೇಳಿದಳು. ಕೇಳಬೇಕಾದ್ದು ಬಾಯಿಗೆ ಬರಲಿಲ್ಲ. ಪರರ ಮನೆಯಲ್ಲಾದರೆ ಸಲೀಸಾಗಿ ಬರುವ ಮಾತು ಅದು. ಎದ್ದು ಬದುವಿನ ಆಚೆ ಹೋಗಿ ಅನ್ನಪೂರ್ಣಮ್ಮನಿಗೆ ಫೋನ್ ಮಾಡಿದಳು.

"ಆಗ್ತಿಲ್ಲ ಅಮ್ಮೋರೇ."

"ಯಾಕೆ ಆಗಲ್ಲ? ನನ್ನ ಕೇಳೋವಾಗ ಹೆಂಗ್ ಆತು?"

"ನೀವು ನಮ್ಮಪ್ಪ ಅಲ್ಲವಲ್ಲ."

"ಓಹೋ, ನಾನಾದ್ರೆ ಬಿಟ್ಟಿ ಸಿಕ್ಕಿದ್ನಾ? ಹೋಗು, ಕೇಳು. ಇಲ್ಲ ಅಂದ್ರೆ ಫೋನ್ ಅವರ ಕೈಗೆ ಕೊಡು, ನಾನೇ ಕೇಳ್ತೀನಿ."

ಜಯಕ್ಕ ವಾಪಸ್ ಬಂದು ನಿಂತುಕೊಂಡೇ ಕೇಳಿದಳು. "ಅಪ್ಪ, ಸಾಯ್ಬೇಕು ಅಂತ ಮಾಡಿದೀಯ?"

ಗೊಲ್ಲಪ್ಪ ಬದು ಹತ್ತಿದ ಒಂದು ಕುರಿಗೆ ಕಲ್ಲು ಬೀಸಿದ. ಕುರಿ ಇಳಿಯಿತು. "ಹೂಂ ಕಣವ್ವ," ಎಂದ.

ಆಮೇಲೆ ಅವನು ಹೇಳಿದ್ದನ್ನು ಜಯಕ್ಕ ಈಗಲೂ ಇನ್ನೊಬ್ಬರಿಗೆ ಹೇಳುವಾಗ ನೆಲ ನೋಡಿಕೊಂಡು ಹೇಳುತ್ತಾಳೆ. "ವರ್ಷಾ ವರ್ಷಾ ಎಲ್ಲಾರನ್ನೂ ಕೂಗ್ತೀನಿ. ನಮ್ಮಪ್ಪ ಬತ್ತಾನೆ, ನಿಮ್ಮವ್ವ ಬತ್ತಾಳೆ. ಹುಡ್ಗ ಹೊರಗೆ ನಿಂತಿರ್ತಾನೆ. ನಾಳೆ ನಾನು ವಯಸ್ಸಾಗಿ ಸತ್ರೆ ನಂಗೂ ಎಡೆ ಇಡ್ತೀರ. ಅವನ್ನ ಹೊರಗೆ ಬಿಟ್ಟು ನಾನು ಒಳಗೆ ಕುಂತು ಉಣ್ಣಾದು ಹೆಂಗೆ? ಅವನ ದಾರೀಲೇ ಹೋದ್ರೆ ಜೊತೆಗಾದ್ರೂ ಇರ್ತೀನಿ."

ಜಯಕ್ಕನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಅವನ್ನ ಒಳಕ್ಕೆ ಕರೆಯೋ ಬಾಯಿ ಯಾರ್ದು? ನಿಂದು! ಆ ಬಾಯಿ ಮುಚ್ಕಂಡು, ನಾನೇ ಹೊರಗೆ ಹೋಗ್ತೀನಿ ಅಂತೀಯಲ್ಲಪ್ಪ. ನೀನು ಹೋದ್ರೆ ಅವನ ಸಂಕಟ ತೀರಲ್ಲ, ನಮ್ಮ ಸಂಕಟ ಎರಡಾಗ್ತೈತೆ. ಆ ಹೆಸರು ನಿನ್ನ ಬಾಯಾಗೆ ಒಂದ್ ಸಲ ಕೇಳ್ಬೇಕು ಅಂತ ಎಷ್ಟು ವರ್ಷದಿಂದ ಬಂದು ನಿಲ್ತಾ ಇದೀನಿ, ಗೊತ್ತಾ?"

"ನೀನೂನಾ?" ಎಂದ ಗೊಲ್ಲಪ್ಪ.

ಒಂದೇ ಬಾಗಿಲಿನಲ್ಲಿ ನಿಂತು ಇಬ್ಬರೂ ಅಷ್ಟು ವರ್ಷ ಅದನ್ನೇ ಕಾದಿದ್ದರು. ಒಬ್ಬರು ಇನ್ನೊಬ್ಬರಿಗೆ ಹೇಳಿರಲಿಲ್ಲ.

ಅವತ್ತು ಸಂಜೆ ಕುರಿಗಳನ್ನು ಬೇಲಿ ಕಟ್ಟಿದ ರೊಪ್ಪಕ್ಕೆ ಹೊಡೆಯುವವರೆಗೂ ಶಿವು ಮಾತೇ. ಇದೇ ಹೊಲದಲ್ಲಿ ಹಸಿ ಶೇಂಗಾ ಬಳ್ಳಿ ಸಮೇತ ಮುಳ್ಳಿನ ಬೆಂಕಿಗೆ ಹಾಕಿ ಸುಟ್ಟು, ತುಟಿ ಕರಿ ಮಾಡಿಕೊಂಡು ತಿನ್ನುತ್ತಿದ್ದನಂತೆ. ತಿಂದು ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದನಂತೆ. ಉರುಳಿದ್ದು ನಿಜವಾದ ನೋವಿಗೋ ನಾಟಕವೋ ಯಾರಿಗೂ ಗೊತ್ತಾಗುತ್ತಿರಲಿಲ್ಲವಂತೆ.

ಜಯಕ್ಕ ಹಟ್ಟಿಯಲ್ಲೇ ಉಳಿದಳು. ಎಡೆಯೊಂದರಿಂದ ಅಪ್ಪ ನೆಟ್ಟಗಾಗುತ್ತಾನೆ ಎಂಬ ಭ್ರಮೆ ಅವಳಿಗಿರಲಿಲ್ಲ. ಮನಸ್ಸಿನ ಡಾಕ್ಟರು ಬರುವ ದಿನ ಹಿರಿಯೂರಿಗೆ ಹೊರಡಿಸಿದಳು.

"ನಂಗೇನ್ ಹುಚ್ಚಾ?" ಎಂದ ಗೊಲ್ಲಪ್ಪ.

"ಮಂಡಿ ನೋವಿಗೆ ಹೋಗಲ್ವಾ? ಅದೂ ಅಂಥದ್ದೇ ನೋವು. ಹೋಗಾಣ ನಡಿ."

ರಂಗೇಶ್ ತಾನೇ ಬೈಕಿನಲ್ಲಿ ಕೂರಿಸಿಕೊಂಡು ಹೋದ. ವೈರಾಗ್ಯ ಎಂದವನೂ ಅವನೇ. ಡಾಕ್ಟರು ಮಾತ್ರೆ ಬರೆದರು, ದಿನ ಬಿಡದೆ ನುಂಗಬೇಕು, ಮತ್ತೆ ಬರಬೇಕು ಎಂದರು. ಮಾತ್ರೆ ಕೊಡುವ ಕೆಲಸ ನೇತ್ರಾವತಿಯದು ಎಂದಾಯಿತು.

ಕಾಟಪ್ಪನ ಮನೆಗೆ ಜಯಕ್ಕ ಒಬ್ಬಳೇ ಹೋದಳು. ಅವನು ಅದೇ ಕಂಬಳಿ ಹಾಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

"ಏಳು ಚಿಕ್ಕಪ್ಪ, ಕಂಬಳಿ ಕೊಡು."

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೇ? ರಾಮಗಿರಿಯೋರ ಸಂಸ್ಕಾರನಾ ಇದು?"

"ಅಪ್ಪ ಕೊಟ್ಟಿದ್ದು ದಾನ ಅಲ್ಲ, ಹೊರಟೋಗಕ್ಕೆ ಮುಂಚೆ ಮನೆ ಖಾಲಿ ಮಾಡಿದಂಗೆ. ನಿನಗದು ತಿಳೀಲಿಲ್ಲ, ಋಷಿ ಅಂದೆ. ಇನ್ನೊಂದು ಕೇಳು. ಈ ಹಬ್ಬಕ್ಕೆ ನಮ್ಮ ಮನೇಲಿ ಶಿವುಗೆ ಎಡೆ ಇಡ್ತೀವಿ."

"ಇಡಂಗಿಲ್ಲ. ದೇವ್ರು ಮುನೀತಾನೆ."

"ಮುನಿದ್ರೆ ನನ್ನ ಮೇಲೆ ಮುನೀಲಿ. ರಾಮಗಿರಿ ಅಡ್ರೆಸ್ ಕೊಟ್ ಕಳ್ಸು."

"ಲೇ, ಇವತ್ತು ಇವನಿಗೆ ಎಡೆ ಇಟ್ರೆ, ನಾಳೆ ಹುಡುಗ್ರು ಅದಕ್ಕೇನಂತೆ ಅಂತ ಅದೇ ದಾರಿ ಹಿಡೀತಾರೆ."

ಅದು ದಡ್ಡ ಮಾತಲ್ಲ, ಜಯಕ್ಕನೂ ತಡೆದು ಉತ್ತರ ಕೊಟ್ಟಳು. "ಅವನು ಮಾಡಿದ್ದು ಸರಿ ಅಂತ ಇಡ್ತಿಲ್ಲ ಚಿಕ್ಕಪ್ಪ. ಅವನು ನಮ್ಮ ಹುಡ್ಗ ಅಂತ ಇಡ್ತೀವಿ. ಅವನ ಹೆಸ್ರು ಮುಚ್ಚಿಟ್ವಿ, ಅವನ ಕಾಯಿಲೇನೂ ಮುಚ್ಚಿಟ್ಟಂಗಾತು. ಅದೇ ಕಾಯಿಲೆ ಅಪ್ಪಂಗೆ ಬಂದ್ರೂ ನಿಮಗೆ ಯಾರಿಗೂ ಗುರುತೇ ಹತ್ತಲಿಲ್ಲ. ಮುಚ್ಚಿಟ್ಟು ಯಾರನ್ನ ಉಳಿಸ್ಕಂಡ್ರಿ?"

"ನಾನು ನಿಮ್ಮ ಮನೆ ಹಬ್ಬಕ್ಕೆ ಬರಲ್ಲ."

"ಬರಬ್ಯಾಡ. ಕಂಬಳಿ ಕೊಡು."

ಕಾಟಪ್ಪ ಎದ್ದು ಕಂಬಳಿ ಕೊಡವಿ ಎಸೆದ. ಹೇಳಿದಂತೆ ಹಬ್ಬಕ್ಕೂ ಬರಲಿಲ್ಲ. ಅವನನ್ನು ನೋಡಿ ಹಟ್ಟಿಯ ಅರ್ಧ ಜನ ಬರಲಿಲ್ಲ. ಬಂದವರಲ್ಲೂ ಕೆಲವರು ಹೊಸಿಲ ಆಚೆಯೇ ನಿಂತರು.

ಅಮಾಸೆಯ ದಿನ ನೇತ್ರಾವತಿ ಒಂದು ಎಲೆ ಹೆಚ್ಚಿಗೆ ಹಾಕಿದಳು. ರಂಗೇಶ್ ಒಂದು ಹೊಸ ಅಂಗಿ ತಂದಿಟ್ಟ. ಜಯಕ್ಕ ಹಸಿ ಶೇಂಗಾ ಸುಟ್ಟು ಬಡಿಸಿದಳು. ಗೊಲ್ಲಪ್ಪ ಧೂಪ ಹಾಕಿ ಹೆಸರು ಕೂಗಲು ಶುರು ಮಾಡಿದ. ಮುತ್ತಜ್ಜ, ಅಜ್ಜ, ಅಪ್ಪ. ಹೆಂಡತಿ. ಉಸಿರು ಎಳೆದುಕೊಂಡ. ಜಯಕ್ಕ ಕಣ್ಣು ಮುಚ್ಚಿದಳು.

"ಶಿವು," ಎಂದ ಗೊಲ್ಲಪ್ಪ. ಕೂಗಲಿಲ್ಲ, ಪಕ್ಕದಲ್ಲಿ ಮಲಗಿದವನನ್ನು ಎಬ್ಬಿಸುವಷ್ಟೇ ದನಿ. "ಬಾರಪ್ಪ. ಒಳಗೆ ಬಾ."

ಬಾಗಿಲು ಮುಂದೆ ಮಾಡಿ ಎಲ್ಲರೂ ಅಂಗಳದಲ್ಲಿ ಕೂತರು. ರೊಪ್ಪದಲ್ಲಿ ಮರಿಗಳು ಅರಚುತ್ತಿದ್ದವು. ಬಾಗಿಲು ತೆರೆದಾಗ ಎಲೆಗಳು ಬಡಿಸಿದಂತೆಯೇ ಇದ್ದವು, ಅಂಗಿಯ ಮಡಿಕೆ ಕದಲಿರಲಿಲ್ಲ. ಜಯಕ್ಕ ಆ ಅಂಗಿಯನ್ನೇ ನೋಡುತ್ತಾ ನಿಂತಳು. ಹೆಸರು ಕೇಳಿದರೆ ಸಾಕು ಎಂದುಕೊಂಡಿದ್ದಳು. ಕೇಳಿಯಾಯಿತು, ಸಾಕಾಗಲಿಲ್ಲ. ಹುಡುಗನೇ ಬೇಕಿತ್ತು.

ಗೊಲ್ಲಪ್ಪ ಶಿವುವಿನ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಶೇಂಗಾ ಬಿಡಿಸಿ ಬಾಯಿಗೆ ಹಾಕಿದ. ಅಗಿದ. ಮುಖ ಕಿವುಚಿದ.

"ಯಾರ್ ಸುಟ್ಟಿದ್ದು ಇದನ್ನ?"

"ನಾನೇ. ಯಾಕೆ?"

"ಗ್ಯಾಸ್ ಒಲೆ ಮೇಲಾ?"

"ಹೂಂ, ಮತ್ತೆ?"

"ಥೂ. ಹಸಿ ವಾಸನೆ ಹೋಗೇ ಇಲ್ಲ. ಅವನು ಇದನ್ನ ಮೂಸಿನೂ ನೋಡ್ತಿರ್ಲಿಲ್ಲ. ಮುಳ್ಳಿನ ಬೆಂಕೀಲಿ ಸುಡ್ಬೇಕು ಕಣೇ, ಹೊಲದಾಗೆ, ಬಳ್ಳಿ ಸಮೇತ." ಇನ್ನೊಂದು ಬಿಡಿಸಿದ. "ಬರೋ ವರ್ಷ ನೀನು ಕೈ ಹಾಕಬ್ಯಾಡ. ನಾನೇ ಸುಟ್ಟು ತತ್ತೀನಿ."

ಜಯಕ್ಕ ಅಪ್ಪನ ಮುಖ ನೋಡಿದಳು. "ಬರೋ ವರ್ಷ?"

"ಹೂಂ, ಅಂದ್ನಲ್ಲ," ಎಂದ ಗೊಲ್ಲಪ್ಪ, ಮೂರನೆಯದನ್ನು ಬಿಡಿಸುತ್ತಾ.