ಪತ್ರಿಕೆಯ ಅಂಚಿನಲ್ಲಿ ಬರೆದ ‘ಆಗಲಿಲ್ಲ’

ಶಿರ್ತಾಡಿಯ ಒಬ್ಬ ಹೆಂಗಸಿನ ಮೇಲೆ ನಾನು ನಾಲ್ಕೈದು ವರ್ಷ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಅವಳ ಸೀರೆ, ಚಿನ್ನ, ಮನೆ ಯಾವುದರ ಮೇಲೂ ಅಲ್ಲ. ಒಂದು ಇಂಗ್ಲಿಷ್ ಮಾಸಪತ್ರಿಕೆಯ ಅಂಚಿನಲ್ಲಿ ಅವಳು ಪೆನ್ಸಿಲಿನಿಂದ ಬರೆಯುತ್ತಿದ್ದ ಸಣ್ಣ ಸಣ್ಣ ಸಾಲುಗಳ ಮೇಲೆ. ಹೇಳಿದರೆ ಯಾರೂ ನಂಬುವುದಿಲ್ಲ, ಹಾಗಾಗಿ ಇಷ್ಟು ದಿನ ಹೇಳಿಯೂ ಇಲ್ಲ.

ಪತ್ರಿಕೆ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗಲೂ ನಾನು ಇದನ್ನೇ ಹೇಳುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ನರಿಕೊಂಬಿನಿಂದ ಬಂಟ್ವಾಳ ಪೇಟೆಗೆ ಬಂದು ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಮಾಡುತ್ತಿದ್ದೆ. ಶಾರ್ಜಾದಲ್ಲಿದ್ದ ಅಣ್ಣ ರಜೆಗೆ ಬರುವ ಮುಂಚೆ ಫೋನು ಮಾಡಿ ಏನು ಬೇಕು ಎಂದು ಎಲ್ಲರನ್ನೂ ಕೇಳುತ್ತಿದ್ದ. ಅತ್ತಿಗೆ ಸೆಂಟು ಹೇಳಿದಳು, ತಾಯಿ, ಅಂದರೆ ನಮ್ಮ ಉಮ್ಮ, ಟಾರ್ಚು ಹೇಳಿದರು. ನಾನು ವಿಂಡೋಸ್‌ನಲ್ಲಿ ಪ್ರೋಗ್ರಾಂ ಬರೆಯುವವರಿಗಾಗಿ ಹೊರಡುತ್ತಿದ್ದ ಆ ಪತ್ರಿಕೆಯ ಚಂದಾ ಕೇಳಿದೆ. ಅಣ್ಣ, “ಅದು ತಿನ್ನುವಂಥದ್ದಾ?” ಎಂದ. ಆದರೆ ಚಂದಾ ಮಾತ್ರ ಕಟ್ಟಿದ.

ಪ್ರತಿ ತಿಂಗಳು ಅಂಚೆಯಲ್ಲಿ ಅದು ಬರುತ್ತಿತ್ತು, ಮೇಲೆ ನನ್ನ ಹೆಸರು ಇಂಗ್ಲಿಷಿನಲ್ಲಿ. ಹಿಂಬದಿಯ ರಟ್ಟಿಗೆ ಒಂದು ಸೀಡಿ ಅಂಟಿಸಿರುತ್ತಿತ್ತು. ಒಳಗೆ ವಿಂಡೋಸ್‌ನ ಹೊಸ ಆವೃತ್ತಿ ಯಾವಾಗ, ಅದರಲ್ಲಿ ಯಾವ ಹಳೆಯ ಆಜ್ಞೆ ಕೆಲಸ ಮಾಡುವುದಿಲ್ಲ, ಯಾವುದಕ್ಕೆ ಏನು ಪರಿಹಾರ ಎಂಬ ಸುದ್ದಿಗಳು. ಸೀಡಿಯಲ್ಲಿ ಮಾದರಿ ಪ್ರೋಗ್ರಾಂಗಳು. ಇಂಟರ್ನೆಟ್ ಉಂಟು ಎಂದು ಕೇಳಿ ಗೊತ್ತಿತ್ತು. ಒಂದು ಪುಟ ಪೂರ್ತಿ ತೆರೆದುಕೊಳ್ಳುವ ಮೊದಲೇ ಲೈನು ಕಡಿದು ಹೋಗುತ್ತಿದ್ದುದರಿಂದ ನಮಗೆ ಆ ಪತ್ರಿಕೆಯೇ ಪೇಪರು, ಅದೇ ಗುರು.

ನಾವು ಎಂದರೆ ಮೂವರು. ನಾನು ಒಬ್ಬಳು. ನನಗೆ ಪ್ರೋಗ್ರಾಮಿಂಗ್ ಕಲಿಸಿದ ಬೆಳ್ತಂಗಡಿಯ ಕಾಲೇಜು ಮಾಸ್ಟ್ರು ಇನ್ನೊಬ್ಬರು. ಮೂರನೆಯವಳು ಅವರ ಬಳಿಯೇ ಕಲಿತ ಶಿರ್ತಾಡಿಯವಳು. ಅವಳು ದಿನಾ ಬಸ್ಸಿನಲ್ಲಿ ಮೂಡುಬಿದಿರೆಗೆ ಬಂದು ಒಂದು ಆಫೀಸಿನಲ್ಲಿ ಟೈಪಿಂಗ್ ಕೆಲಸ ಮಾಡುತ್ತಿದ್ದಳು. ನನಗೆ ಪತ್ರಿಕೆ ಬರುತ್ತದೆ ಎಂದು ಗೊತ್ತಾದ ಕೂಡಲೇ ಮಾಸ್ಟ್ರು ಹೇಳಿದರು: “ನೀವು ಹತ್ತು ದಿನ ಇಟ್ಟುಕೊಳ್ಳಿ, ಮತ್ತೆ ಮೂಡುಬಿದಿರೆಗೆ ಕಳಿಸುವ, ಮತ್ತೆ ನನಗೆ. ಕಡೆಗೆ ನಿಮ್ಮದು ನಿಮಗೇ.” ಗುರುಗಳ ಮಾತಿಗೆ ಇಲ್ಲ ಎನ್ನುವುದು ಹೇಗೆ?

ಹಾಗೆ ತಿರುಗಾಟ ಸುರುವಾಯಿತು. ಸೀಡಿ ಒಡೆಯಬಾರದು ಎಂದು ಪತ್ರಿಕೆಯನ್ನು ಸೀರೆಯ ಪೆಟ್ಟಿಗೆಯಲ್ಲಿ ಇಟ್ಟು, ದಾರ ಕಟ್ಟಿ, ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುವುದು. ಅವನು ಅದನ್ನು ಡ್ರೈವರನ ಎದುರಿನ ಗಾಜಿನ ಹತ್ತಿರ ಇಡುತ್ತಿದ್ದ. ಅಲ್ಲಿಂದ ಅದು ವೇಣೂರಿನ ಮೇಲೆ ಬೆಳ್ತಂಗಡಿಗೆ, ಬೆಳ್ತಂಗಡಿಯಿಂದ ಪುಂಜಾಲಕಟ್ಟೆಯ ಮೇಲೆ ವಾಪಸು ನನಗೆ. ಯಾವ ಕಂಡಕ್ಟರನೂ ಒಮ್ಮೆಯೂ ಅದನ್ನು ಕಳೆಯಲಿಲ್ಲ. ಒಳಗೆ ಸೀರೆ ಉಂಟೆಂದೇ ಅವರು ತಿಳಿದಿದ್ದರು.

ಓದುವಾಗ ಅಂಚಿನಲ್ಲಿ ಗುರುತು ಹಾಕುವುದು ಕೂಡ ಮಾಸ್ಟ್ರ ಕ್ರಮವೇ. ಪೆನ್ಸಿಲಿನಲ್ಲೇ ಬರೆಯಬೇಕು, ತಪ್ಪಿದರೆ ಉಜ್ಜಲಿಕ್ಕೆ ಆಗುತ್ತದೆ ಎಂದು. ಮಾಡಿ ನೋಡಿ ಸರಿಯಾದರೆ ‘ಆಯಿತು’. ಸರಿಯಾಗದಿದ್ದರೆ ‘ಆಗಲಿಲ್ಲ’. ಬರೇ ಓದಿದ್ದಕ್ಕೆ ‘ನೋಡಿದೆ’. ನಾವು ಮೂವರೂ ಮಾತಾಡುವುದು ತುಳುವಿನಲ್ಲಿ, ಮನೆಯಲ್ಲಿ ನನ್ನದು ಬ್ಯಾರಿ ಭಾಷೆ, ಪತ್ರಿಕೆಯದ್ದು ಇಂಗ್ಲಿಷ್. ಆದರೆ ಬರೆಯುವುದೆಂದರೆ ಶಾಲೆಯಲ್ಲಿ ಕಲಿತ ಕನ್ನಡವೇ. ಮಾಸ್ಟ್ರು ಎಲ್ಲ ಪುಟದಲ್ಲೂ ‘ನೋಡಿದೆ’ ಎಂದೇ ಬರೆಯುತ್ತಿದ್ದರು. ಅವರಿಗೆ ಪರೀಕ್ಷೆಯ ಪೇಪರು ನೋಡುವುದರಲ್ಲೇ ಪುರುಸೊತ್ತಿರಲಿಲ್ಲ.

ಮೂರನೆಯ ತಿಂಗಳಿಗೆ ನನ್ನ ಹೊಟ್ಟೆ ಉರಿಯಲು ಸುರುವಾಯಿತು. ನಾನು ಇಡೀ ವಾರ ಒದ್ದಾಡಿ, ಕೊನೆಗೆ ಕೈಬಿಟ್ಟು ‘ಆಗಲಿಲ್ಲ’ ಎಂದು ಬರೆದ ಕಡೆ, ಪತ್ರಿಕೆ ಸುತ್ತು ಮುಗಿಸಿ ಬಂದಾಗ, ಕೆಳಗೆ ಅವಳ ಅಕ್ಷರ: ‘ಆಯಿತು. ಮೂರನೆಯ ಸಾಲಿನಲ್ಲಿ ಒಂದು ಸೊನ್ನೆ ಬಿಟ್ಟು ಹೋಗಿದೆ, ಅಚ್ಚಿನ ತಪ್ಪು.’ ಮುತ್ತು ಪೋಣಿಸಿದಂಥ ಅಕ್ಷರ ಬೇರೆ. ಮುಂದಿನ ತಿಂಗಳೂ ಅದೇ. ಅದರ ಮುಂದಿನ ತಿಂಗಳು ಎರಡು ಕಡೆ. ನನ್ನ ಹತ್ತಿರ ಇಡೀ ದಿನ ಕಂಪ್ಯೂಟರ್ ಇತ್ತು. ಅವಳಿಗೆ ಆಫೀಸು ಮುಗಿದ ಮೇಲೆ ಶಿರ್ತಾಡಿಯ ಬಸ್ಸು ಬರುವವರೆಗಿನ ಒಂದು ಗಂಟೆ ಮಾತ್ರ. ಆ ಒಂದು ಗಂಟೆಯಲ್ಲಿ ಅವಳು ನನ್ನ ಒಂದು ವಾರವನ್ನು ಮುಗಿಸುತ್ತಿದ್ದಳು. ಅದೂ ನನ್ನ ಅಣ್ಣನ ದುಡಿಮೆಯಲ್ಲಿ ಬಂದ ಪತ್ರಿಕೆಯಲ್ಲಿ.

ಇನ್ನು ಮಾಸ್ಟ್ರು. ಫೋನು ಮಾಡಿದಾಗಲೆಲ್ಲ, “ಮೂಡುಬಿದಿರೆಯವರು ಬರೆದದ್ದು ನೋಡಿದ್ರಾ?” ಎಂದೇ ಮಾತು ಸುರು. ಬಂಟ್ವಾಳದವಳು ಬರೆದದ್ದನ್ನು ಅವರು ಯಾರಿಗೂ ತೋರಿಸಿದ ಹಾಗೆ ಕಾಣಲಿಲ್ಲ. ಒಂದು ದಿನ ನನಗೆ ತಡೆಯಲಾಗಲಿಲ್ಲ. ತುಂಬ ಸಮಾಧಾನದ ದನಿಯಲ್ಲಿ ಹೇಳಿದೆ: “ಸರ್, ಒಬ್ಬರು ಮಾಡಿ ನೋಡಿದ್ದನ್ನು ಇನ್ನೊಬ್ಬರು ಪುನಃ ಮಾಡುವುದು ಯಾಕೆ? ಪಾಪ, ಅವರಿಗೆ ಇರುವುದೇ ಒಂದು ಗಂಟೆ. ‘ಆಗಲಿಲ್ಲ’ ಅಂತ ಇದ್ದರೆ ಅದನ್ನು ಬಿಟ್ಟು ಬೇರೆ ನೋಡಲಿ.” ಮಾಸ್ಟ್ರಿಗೆ ಇದು ನ್ಯಾಯ ಅನ್ನಿಸಿತು. “ನಿಮಗೆ ಎಷ್ಟು ಕಾಳಜಿ ಮಾರಾಯ್ರೆ,” ಎಂದರು. ಅಂದಿನಿಂದ ಅದೇ ಕ್ರಮವಾಯಿತು. ಅವಳು ಒಪ್ಪಿದಳು, ನನ್ನ ‘ಆಗಲಿಲ್ಲ’ಗಳ ಕೆಳಗೆ ಮತ್ತೆ ‘ಆಯಿತು’ ಎಂದು ಬರೆಯಲಿಲ್ಲ. ನನಗೆ ಒಳ್ಳೆಯ ನಿದ್ದೆ ಬರತೊಡಗಿತು.

ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ.

ಪುಂಜಾಲಕಟ್ಟೆಯ ಹತ್ತಿರ ಒಬ್ಬರು ಲಾರಿ ತೂಗುವ ವೇಬ್ರಿಡ್ಜ್ ಹಾಕಿದ್ದರು. ಕೆಂಪುಕಲ್ಲಿನ ಲಾರಿ ಬಂದು ತಟ್ಟೆಯ ಮೇಲೆ ನಿಂತರೆ ತೂಕ ಕಂಪ್ಯೂಟರಿಗೆ ಬರುತ್ತದೆ, ಚೀಟಿ ಅಚ್ಚಾಗುತ್ತದೆ, ಲಾರಿ ಹೋಗುತ್ತದೆ. ಅದಕ್ಕೊಂದು ವಿಂಡೋಸ್ ಪ್ರೋಗ್ರಾಂ ಬೇಕಿತ್ತು. ಯಜಮಾನರು ಮಾಸ್ಟ್ರನ್ನು ಕೇಳಿದರು. ಮಾಸ್ಟ್ರು ನಮ್ಮಿಬ್ಬರ ಹೆಸರನ್ನೂ ಹೇಳಿ, ಇಬ್ಬರೂ ಮಾಡಿ ತನ್ನಿ, ಒಳ್ಳೆಯದನ್ನು ಅವರು ಇಟ್ಟುಕೊಳ್ಳಲಿ ಎಂದರು. ಪಾಠ ಮಾಡುವವಳಿಗೂ ಟೈಪು ಮಾಡುವವಳಿಗೂ ಅದು ದೊಡ್ಡ ಸಂಗತಿ. ನಾವು ಬರೆದ ಒಂದು ಪ್ರೋಗ್ರಾಂ ನಿಜವಾದ ಒಂದು ಕಡೆ ದಿನವಿಡೀ ಓಡುತ್ತದೆ. ಗೆದ್ದವಳು ಪ್ರೋಗ್ರಾಮರ್, ಸೋತವಳು ಮೊದಲಿನ ಹಾಗೆ ಪಾಠದವಳು, ಟೈಪಿನವಳು.

ತೊಂದರೆ ಇದ್ದದ್ದು ಚೀಟಿಯದ್ದು. ಕರ್ರಕರ್ರ ಎಂದು ಹೊಡೆಯುವ ಹಳೆಯ ಪ್ರಿಂಟರು. ವಿಂಡೋಸ್ ಅಕ್ಷರವನ್ನು ಅಕ್ಷರವಾಗಿ ಕಳಿಸದೆ ಚಿತ್ರ ಬಿಡಿಸಿದ ಹಾಗೆ ಕಳಿಸುತ್ತಿತ್ತು. ಏಳೆಂಟು ಸಾಲಿನ ಚೀಟಿ ಹೊರಬರುವಷ್ಟರಲ್ಲಿ ಒಂದು ಗ್ಲಾಸು ಚಾ ಕುಡಿದು ಮುಗಿಸಬಹುದಿತ್ತು. ಅಷ್ಟು ಹೊತ್ತು ಲಾರಿ ತಟ್ಟೆಯ ಮೇಲೆಯೇ. ಹಿಂದೆ ಸಾಲು.

ಅದೇ ತಿಂಗಳ ಪತ್ರಿಕೆಯಲ್ಲಿ, ಓದುಗರು ಕಳಿಸಿದ ಉಪಾಯಗಳ ಪುಟದಲ್ಲಿ, ಮೂಲೆಯಲ್ಲಿ ಅರ್ಧ ಪುಟ. ವಿಂಡೋಸ್‌ನ ಚಿತ್ರದ ದಾರಿಯನ್ನು ಬಿಟ್ಟು ಅಕ್ಷರಗಳನ್ನು ನೇರ ಪ್ರಿಂಟರಿಗೆ ಕಳಿಸುವ ಕ್ರಮ. ನಮ್ಮ ಕೇಂದ್ರದಲ್ಲೂ ಅಂಥದ್ದೇ ಒಂದು ಪ್ರಿಂಟರು ಇತ್ತು. ನಾನು ಟೈಪು ಮಾಡಿದೆ. ಗುಂಡಿ ಒತ್ತಿದೆ. ಪ್ರಿಂಟರು ಒಮ್ಮೆ ಕೆಮ್ಮಿ ಚೀಟಿಯನ್ನು ಹೊರಗೆ ಉಗಿಯಿತು. ಎದುರಿದ್ದ ವಿದ್ಯಾರ್ಥಿಗಳು ತಿರುಗಿ ನೋಡಿದರು.

ನಾನು ಪೆನ್ಸಿಲು ತೆಗೆದೆ. ಅಂಚಿನಲ್ಲಿ ಬರೆದೆ: ‘ಆಗಲಿಲ್ಲ.’ ಅನುಮಾನ ಬಾರದಿರಲಿ ಎಂದು ‘ಎರಡು ದಿನ ನೋಡಿದೆ’ ಎಂದೂ ಸೇರಿಸಿದೆ. ಸೀರೆಯ ಪೆಟ್ಟಿಗೆಯಲ್ಲಿ ಇಟ್ಟು ದಾರ ಕಟ್ಟಿ, ಹತ್ತು ದಿನವೂ ಇಟ್ಟುಕೊಳ್ಳದೆ ಆರನೆಯ ದಿನವೇ ಬಸ್ಸಿಗೆ ಕೊಟ್ಟೆ. ಅವಳಿಗೆ ಬೇಗ ಸಿಗಲಿ ಎಂದು.

ತೋರಿಸುವ ದಿನ ಇಬ್ಬರೂ ಪುಂಜಾಲಕಟ್ಟೆಗೆ ಹೋದೆವು. ಅವಳದ್ದು ಮೊದಲು. ಅವಳ ಪ್ರೋಗ್ರಾಂ ನೋಡಿ ನನಗೆ ಕುಳಿತಲ್ಲೇ ಬೆವರು ಇಳಿಯಿತು. ಲಾರಿಯ ನಂಬರು ಹೊಡೆದರೆ ಸಾಕು, ಹಿಂದೆ ಬಂದಾಗ ಆ ಲಾರಿ ಖಾಲಿ ಇದ್ದಾಗಿನ ತೂಕ ಎಷ್ಟಿತ್ತು ಎಂದು ಅದೇ ನೆನಪಿಟ್ಟು ತೋರಿಸುತ್ತಿತ್ತು. ತುಂಬಿದ ತೂಕದಲ್ಲಿ ಅದನ್ನು ಕಳೆದರೆ ಕಲ್ಲಿನ ತೂಕ ಸಿಕ್ಕಿತು, ಒಂದೇ ಲಾರಿಯನ್ನು ಎರಡೆರಡು ಸಲ ತೂಗುವುದು ಬೇಡ. ನನಗೆ ಅದು ಹೊಳೆದೇ ಇರಲಿಲ್ಲ. ಯಜಮಾನರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಮತ್ತೆ ಅವಳು ಚೀಟಿಯ ಗುಂಡಿ ಒತ್ತಿದಳು. ಪ್ರಿಂಟರು ಒಂದು ಗೆರೆ, ಇನ್ನೊಂದು ಗೆರೆ ಎಂದು ಎಳೆಯತೊಡಗಿತು. ಹೊರಗೆ ಲಾರಿಯವ ಹಾರ್ನು ಹೊಡೆದ. ಅವನ ಹಿಂದಿನವನೂ ಹೊಡೆದ. ಅವಳು ಪ್ರಿಂಟರಿನ ಮೇಲೆ ಕೈ ಇಟ್ಟು ನಿಂತಿದ್ದಳು.

ನನ್ನದರಲ್ಲಿ ನೆನಪು ಗಿನಪು ಏನೂ ಇರಲಿಲ್ಲ, ಆದರೆ ಚೀಟಿ ಹಾರಿ ಬಂತು. “ಇದೇ ಸಾಕು,” ಎಂದರು ಯಜಮಾನರು. “ಆ ಖಾಲಿ ಲಾರಿಯದ್ದು ನೀವು ಮತ್ತೆ ಸೇರಿಸಿ ಕೊಡಿ.”

ಬಸ್ಸಿಗೆ ಕಾಯುವಾಗ ಅವಳು ನನ್ನ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. “ಪತ್ರಿಕೆಯಲ್ಲಿ ಇದ್ದದ್ದು ಆಗಲಿಲ್ಲ ಅಂತ ಬರೆದಿದ್ರಿ. ಮತ್ತೆ ಬೇರೆ ದಾರಿ ಸಿಕ್ಕಿತಾ?” ಎಂದು ಕೇಳಿದಳು. ಮುಖದಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಹೌದು,” ಎಂದೆ. “ಬೇರೆ ದಾರಿ ಸಿಕ್ಕಿತು.”

“ಪುರುಸೊತ್ತಾದಾಗ ನನಗೂ ಹೇಳಿ ಕೊಡಿ ಆಯ್ತಾ,” ಎಂದಳು. ಅಷ್ಟರಲ್ಲಿ ಬಸ್ಸು ಬಂತು.

ಪುರುಸೊತ್ತು ನನಗೆ ಆಗಲೇ ಇಲ್ಲ. ಖಾಲಿ ಲಾರಿಯ ತೂಕ ನೆನಪಿಡುವ ಭಾಗವನ್ನು ಸೇರಿಸಲು ಮೂರು ತಿಂಗಳು ಹಿಡಿಯಿತು. ಆದರೂ ಅವಳದ್ದರ ಹಾಗೆ ಬರಲಿಲ್ಲ. ಗೆದ್ದವಳು ನಾನು, ಆದರೂ ಪ್ರತಿ ಸಲ ಅಲ್ಲಿಗೆ ಹೋದಾಗ ಉರಿದದ್ದು ನನ್ನ ಹೊಟ್ಟೆಯೇ. ಆ ತಿಂಗಳ ಪತ್ರಿಕೆ ಸುತ್ತು ಮುಗಿಸಿ ಬಂದಾಗ ನಾನು ಪೆಟ್ಟಿಗೆಯ ದಾರವನ್ನು ಬಿಚ್ಚಲಿಲ್ಲ, ಹಾಗೆಯೇ ಕಪಾಟಿನ ಮೇಲೆ ಹಾಕಿದೆ. ಮುಂದಿನದ್ದಕ್ಕೆ ಬೇರೆ ಪೆಟ್ಟಿಗೆ ಹುಡುಕಿದೆ. ಎರಡು ವರ್ಷದ ನಂತರ ಚಂದಾ ಮುಗಿಯಿತು. ಅಷ್ಟರಲ್ಲಿ ಇಂಟರ್ನೆಟ್ಟೂ ಸುಮಾರಾಗಿ ಬರತೊಡಗಿತ್ತು, ಸುದ್ದಿ, ಮಾದರಿ, ಪರಿಹಾರ ಎಲ್ಲ ಅದರಲ್ಲೇ ಸಿಗುತ್ತಿತ್ತು. ನಮ್ಮ ತಿರುಗಾಟ ತನ್ನಷ್ಟಕ್ಕೆ ನಿಂತಿತು.

ಎಷ್ಟೋ ವರ್ಷ ಕಳೆದ ಮೇಲೆ, ಎರಡು ಸಾವಿರದ ದಶಕ ಅರ್ಧ ಮುಗಿದಿರಬೇಕು, ವೇಬ್ರಿಡ್ಜಿನ ಕಂಪ್ಯೂಟರ್ ಕೆಟ್ಟು ಹೊಸತು ತಂದರು. ನನ್ನ ಮೂಲ ಪ್ರೋಗ್ರಾಂ ಇದ್ದ ಫ್ಲಾಪಿಗಳು ಬೂಷ್ಟು ಹಿಡಿದು ಹಾಳಾಗಿದ್ದವು. ಚೀಟಿಯ ಆ ಕ್ರಮ ತಲೆಯಲ್ಲಿ ಅರ್ಧ ಮಾತ್ರ ಉಳಿದಿತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿದರೂ ಅದು ಸಿಗಲಿಲ್ಲ. ಬೇರೆ ದಾರಿ ಇಲ್ಲದೆ ಕಪಾಟಿನ ಮೇಲಿನ ಪೆಟ್ಟಿಗೆಯನ್ನು ಇಳಿಸಿದೆ. ದಾರ ಮಾಸ್ಟ್ರು ಕಟ್ಟಿದ ಹಾಗೆಯೇ ಇತ್ತು.

ಪುಟ ಸಿಕ್ಕಿತು. ನನ್ನ ‘ಆಗಲಿಲ್ಲ, ಎರಡು ದಿನ ನೋಡಿದೆ’ ಇತ್ತು. ಅದರ ಕೆಳಗೆ ಅವಳ ಮುತ್ತಿನ ಅಕ್ಷರ:

‘ನೀವು ನೋಡಿದ್ದರಿಂದ ನಾನು ಇದಕ್ಕೆ ಕೈ ಹಾಕಲಿಲ್ಲ. ಒಂದು ಗಂಟೆ ಉಳಿಯಿತು. ಆ ಹೊತ್ತಿನಲ್ಲಿ ಖಾಲಿ ಲಾರಿಯ ತೂಕ ನೆನಪಿಡುವ ಭಾಗ ಬರೆದೆ. ಉಪಕಾರವಾಯಿತು.’

ಅದರ ಕೆಳಗೆ ಮಾಸ್ಟ್ರದ್ದು: ‘ನೋಡಿದೆ.’

ನಾಚಿಕೆ ಬಂತು ಎಂದು ಬರೆದರೆ ಚಂದ ಕಾಣುತ್ತದೆ. ಅದು ಬಂದದ್ದು ಆಮೇಲೆ. ಮೊದಲು ಬಂದದ್ದು ಹಳೆಯ ಹೊಟ್ಟೆಕಿಚ್ಚೇ. ನಾನು ಮೂರು ತಿಂಗಳು ಒದ್ದಾಡಿದ್ದನ್ನು ಅವಳು ಒಂದು ಗಂಟೆಯಲ್ಲಿ ಬರೆದಿದ್ದಳು, ಆ ಗಂಟೆಯನ್ನು ಕೊಟ್ಟದ್ದು ನನ್ನ ಸುಳ್ಳು. ಅದಕ್ಕೆ ಉಪಕಾರ ಬೇರೆ ಹೇಳಿದ್ದಳು. ಬಸ್ಸಿಗೆ ಕಾಯುವಾಗ ಅವಳು ಕೇಳಿದ್ದು ನೆನಪಾಯಿತು. ಆಗ ಬಂತು ನಾಚಿಕೆ.

ಅವಳು ಈಗಲೂ ಅದೇ ಆಫೀಸಿನಲ್ಲಿ ಟೈಪು ಮಾಡುತ್ತಿದ್ದಾಳೆ ಎಂದು ಕೇಳಿ ತಿಳಿದಿದ್ದೆ. ಫೋನು ಮಾಡುವ ಧೈರ್ಯ ಇರಲಿಲ್ಲ. ಪೆನ್ಸಿಲು ಹುಡುಕಿ ಅದೇ ಅಂಚಿನಲ್ಲಿ ಉಳಿದಿದ್ದ ಜಾಗದಲ್ಲಿ ಬರೆದೆ: ‘ಆಯಿತು. ಆವತ್ತೇ ಆಗಿತ್ತು.’ ನನ್ನ ಹಳೆಯ ‘ಆಗಲಿಲ್ಲ’ವನ್ನು ಉಜ್ಜಲಿಲ್ಲ. ಚೀಟಿಯ ಕ್ರಮವನ್ನು ನಕಲು ಮಾಡಿಕೊಂಡು, ಪೆಟ್ಟಿಗೆಗೆ ದಾರ ಕಟ್ಟಿ, ಮೇಲೆ ಅವಳ ಆಫೀಸಿನ ಹೆಸರು ಬರೆದು, ಮೂಡುಬಿದಿರೆಯ ಬಸ್ಸಿಗೆ ಕೊಟ್ಟೆ. ಕಂಡಕ್ಟರ್ ಹೊಸಬ. “ಸೀರೆಯಾ?” ಎಂದು ಕೇಳಿದ. ಹೌದು ಎಂದೆ.

ಹತ್ತು ದಿನ ಕಾದೆ. ಬೈದು ಬರೆದರೂ ಅಡ್ಡಿಯಿಲ್ಲ, ಏನಾದರೂ ಬರೆಯಲಿ ಎಂದು ಇತ್ತು. ಹತ್ತನೆಯ ದಿನ, ಕ್ರಮ ತಪ್ಪದೆ, ಪೆಟ್ಟಿಗೆ ವಾಪಸು ಬಂತು. ನಿಲ್ದಾಣದಲ್ಲೇ ಬಿಚ್ಚಿದೆ. ನನ್ನ ಸಾಲಿನ ಕೆಳಗೆ, ಈ ಸಲ ಪೆನ್ನಿನಲ್ಲಿ, ಒಂದೇ ಶಬ್ದ ಬರೆದಿದ್ದಳು: ‘ನೋಡಿದೆ.’

ಅಕ್ಷರ ಮಾತ್ರ ಹಾಗೆಯೇ ಇತ್ತು, ನನ್ನದಕ್ಕಿಂತ ಚಂದ.