ಹೊಳೆಪ್ಪಕಾಕಾನ ಎಡಗೈ

ನನ್ನ ಕಾಲದ ಮೂಡಲಗಿಯಲ್ಲಿ ಗಂಡಸರ ಗಲ್ಲಗಳೆಲ್ಲ ಒಬ್ಬನ ಸುಪರ್ದಿಯಲ್ಲಿದ್ದವು. ಅವನು ಹಡಪದ ಹೊಳೆಪ್ಪ. ಊರ ನಡುವೆ ಒಂದು ಬೇವಿನ ಗಿಡ, ಅದರ ಬುಡಕ್ಕೆ ಹಾಸುಗಲ್ಲು, ಕಲ್ಲಿನ ಮೇಲೆ ನೀರಿನ ತಂಬಿಗೆ, ಮೂಲೆ ಒಡೆದ ಕನ್ನಡಿ. ಅವನ ಅಂಗಡಿ ಎಂದರೆ ಅಷ್ಟೇ. ಎಂಟು ದಿನಕ್ಕೊಮ್ಮೆ ಸಾವಕಾರನಿರಲಿ, ಕೂಲಿಯವನಿರಲಿ, ಕ್ಷೌರಕ್ಕೆ ಅವನ ಮುಂದೆ ಕತ್ತು ಚಾಚಿ ಕೂಡಲೇಬೇಕಾಗಿತ್ತು. ನನ್ನ ಹುಟ್ಟುಗೂದಲಿನ ಜವಳ ತೆಗೆದವನೂ ಅವನೇ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ.

ಕಾಕಾ ಎಡಗೈಯವನು. ನಮ್ಮ ಕಡೆ ಅಂಥವರನ್ನು ರೊಡ್ಡ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಅವನ ಅಪ್ಪ ಎಡಗೈಯನ್ನು ಬೆನ್ನಿಗೆ ಕಟ್ಟಿ, ಬಲಗೈಗೆ ಕತ್ತಿ ಕೊಟ್ಟು ಕಸುಬು ಕಲಿಸಲು ನೋಡಿದನಂತೆ. ಕಲಿಯಲು ಕೊಟ್ಟಿದ್ದು ತನ್ನದೇ ಗಡ್ಡ. ಮೂರನೆಯ ದಿನ ಅಪ್ಪನ ಕಿವಿಯ ತುದಿ ಹೋಯಿತು. ಆತ ರಕ್ತ ಒರೆಸಿಕೊಂಡು, ಕಟ್ಟು ಬಿಚ್ಚಿ, "ನಿನ್ನ ಕೈಲೆ ಮಾಡಪಾ" ಎಂದನಂತೆ. ಅಂದಿನಿಂದ ಕಾಕಾ ಉಣ್ಣುವುದು ಬಲಗೈಯಲ್ಲಿ, ದುಡಿಯುವುದು ಎಡಗೈಯಲ್ಲಿ. ಈ ಕಥೆಯನ್ನು ಅವನು ಪ್ರತಿ ಕ್ಷೌರಕ್ಕೂ ಹೇಳುತ್ತಿದ್ದ. ನಾವು ಪ್ರತಿ ಸಲ ಹೊಸದಾಗಿ ಕೇಳುತ್ತಿದ್ದೆವು, ಏಕೆಂದರೆ ಕತ್ತಿ ನಮ್ಮ ಕುತ್ತಿಗೆಯ ಮೇಲಿರುತ್ತಿತ್ತು.

ಹತ್ತೊಂಬೈನೂರಾ ಇಪ್ಪತ್ತೊಂಬತ್ತರ ಬೇಸಿಗೆಯಲ್ಲಿ ನನ್ನ ಲಗ್ನ ಗೊತ್ತಾಯಿತು. ಗುರುವಾರ ಅಕ್ಕಿಕಾಳು ಬೀಳುವ ಮುಹೂರ್ತ, ಬುಧವಾರ ಅರಿಷಿಣ. ಅರಿಷಿಣಕ್ಕೆ ಮುಂಚೆ ಮದುಮಗನ ಕ್ಷೌರ. ಅದು ನಮ್ಮ ಮನೆತನದಲ್ಲಿ ಹೊಳೆಪ್ಪನ ಮನೆತನದ ಹಕ್ಕು. ಅಪ್ಪನಿಗೆ ಅವನಪ್ಪ ಮಾಡಿದ್ದ, ಅಜ್ಜನಿಗೆ ಅವನಜ್ಜ. ಅದೇ ವಾರ ಗೋಕಾಕದಿಂದ ತಂಬು ಸಿನೇಮಾ ಬಂತು. ಆಗಿನ ಚಿತ್ರಗಳಿಗೆ ಮಾತಿರಲಿಲ್ಲ. ಹನಮಂತ ಎಂಬವನೊಬ್ಬ ತಗಡಿನ ತುತ್ತೂರಿ ಹಿಡಿದು ಪಡದೆಯ ಮಗ್ಗುಲಲ್ಲಿ ನಿಂತು, ಚಿತ್ರದಲ್ಲಿ ಇದ್ದದ್ದಕ್ಕೆ ತನ್ನದೂ ಸ್ವಲ್ಪ ಸೇರಿಸಿ ಕಥೆ ಕೂಗುತ್ತಿದ್ದ. ಗಂಡಸರು ಪಡದೆಯ ಮುಂದೆ. ಹೆಣ್ಣುಮಕ್ಕಳು ಪರಗಂಡಸರ ಕಣ್ಣಿಗೆ ಬೀಳಬಾರದೆಂದು ಪಡದೆಯ ಹಿಂದೆ. ಪಡದೆಗೆ ನೀರು ಹೊಡೆದು ತೋಯಿಸಿದರೆ ಚಿತ್ರ ಆ ಕಡೆಗೂ ಚೆನ್ನಾಗಿ ಕಾಣುತ್ತಿತ್ತು.

ಶನಿವಾರ ಮೊದಲ ಆಟ. ಅದು ಪತ್ತೇದಾರಿ ಚಿತ್ರ. ನಾವು ದೇವರ ಚಿತ್ರವಿರಬಹುದೆಂದು ಟೆಂಗಿನಕಾಯಿ ಒಡೆದು ಒಳಗೆ ಹೋಗಿದ್ದೆವು. ದೊಡ್ಡ ಮನೆಯೊಂದರಲ್ಲಿ ಒಬ್ಬೊಬ್ಬರೇ ಸಾಯುತ್ತಾರೆ. ಕೊಂದವನ ಮುಖ ಕಾಣದು. ಗೋಡೆಯ ಮೇಲೆ ಒಂದು ಕೈ ಏಳುತ್ತದೆ, ಕೈಯಲ್ಲಿ ಕ್ಷೌರದ ಕತ್ತಿ, ಅಷ್ಟೇ. ಉದ್ದ ಕೋಟಿನ ಪತ್ತೇದಾರ ಗಾಯಕ್ಕೆ ಭೂತಗನ್ನಡಿ ಹಿಡಿದು ನೋಡಿದಾಗ ಹನಮಂತ ತುತ್ತೂರಿಯಲ್ಲಿ ಕೂಗಿದ, ಕೊಲೆಗಾರ ರೊಡ್ಡ, ಎಡಗೈಯವನು, ಅವನು ನಿಮ್ಮ ನಡುವೆಯೇ ಇರಬಹುದು ಎಂದು. ಆ ಕೊನೆಯ ಮಾತು ಚಿತ್ರದಲ್ಲಿರಲಿಲ್ಲ, ಹನಮಂತನ ಸ್ವಂತದ್ದು. ಜಟ್ಟಿ ಉದ್ದಪ್ಪ, ಕುಸ್ತಿಯಲ್ಲಿ ಕುಲಗೋಡದವರನ್ನೆಲ್ಲ ಕೆಡವಿದವನು, ನನ್ನ ತೊಡೆಯನ್ನು ಎಷ್ಟು ಬಿಗಿ ಹಿಡಿದನೆಂದರೆ ಮರುದಿನವೂ ಐದು ಬೆರಳು ಮೂಡಿದ್ದವು. ಯಾರೋ ಕೊಲೆಗಾರನಿಗೆ ಕೆರ ಎಸೆದರು. ಅಂಥ ಸೆಕೆಯಲ್ಲಿ ಆ ದಿನ ಊರಿನ ಒಬ್ಬ ಗಂಡಸೂ ಅಂಗಳದಲ್ಲಿ ಮಲಗಲಿಲ್ಲ.

ಮರುದಿನ ಮುಂಜಾನೆ ನಾನು ಎಂದಿನಂತೆ ಬೇವಿನ ಗಿಡದ ಕೆಳಗೆ ಹೋಗಿ ಕೂತೆ. ಕಾಕಾ ಸಿನೇಮಾಕ್ಕೆ ಬಂದಿರಲಿಲ್ಲ, ಅವನಿಗೆ ಏನೂ ಗೊತ್ತಿರಲಿಲ್ಲ. ಸಾಬೂನು ಹಚ್ಚಿದ, ಬಲಗಲ್ಲ ಮುಗಿಸಿದ, ತನ್ನಪ್ಪನ ಕಿವಿಯ ಕಥೆಗೆ ಬಂದ. ಆಮೇಲೆ ನನ್ನ ಗದ್ದ ಎತ್ತಿ ಕತ್ತಿ ಹಿಡಿದ ಎಡಗೈಯನ್ನು ಮೇಲೆತ್ತಿದ. ಅದೇ ಕೈ. ಅದೇ ಕತ್ತಿ. ನಾನು ಎಮ್ಮೆ ಬಿಚ್ಚಿಕೊಂಡಿದೆ ಎಂದೋ ಏನೋ ಒದರಿ ಎದ್ದು ಓಡಿದೆ. ಇಪ್ಪತ್ತೆರಡು ವರ್ಷದ ಮದುಮಗ ಒಂದೇ ಗಲ್ಲದ ಗಡ್ಡ ಹೊತ್ತುಕೊಂಡು ಪೇಟೆಯಲ್ಲಿ ಓಡಿದ್ದನ್ನು ಈಗ ಹೇಳಲಿಕ್ಕೂ ನನಗೆ ನಾಚಿಕೆ. ಮನೆಯಲ್ಲಿ ಹಲ್ಲುನೋವೆಂದು ಸುಳ್ಳು ಹೇಳಿ ಗಲ್ಲಕ್ಕೆ ರುಮಾಲು ಸುತ್ತಿಕೊಂಡೆ. ಅವ್ವ ಲವಂಗ ತುಂಬಿದಳು. ಎರಡು ದಿನ ಬಾಯೆಲ್ಲ ಉರಿಯಿತು, ತಕ್ಕದ್ದೇ ಆಯಿತು.

ಅಂಜಿದವನು ನಾನೊಬ್ಬನೇ ಅಲ್ಲ. ಆ ದಿನ ಹಾಸುಗಲ್ಲಿನ ಮೇಲೆ ಮತ್ಯಾರೂ ಕೂಡಲಿಲ್ಲ. ನನ್ನ ಅಪ್ಪ ಗುರುಲಿಂಗಪ್ಪ, ಬೆಲ್ಲದ ವ್ಯಾಪಾರಿ, ಊರಿಗೇ ಬುದ್ಧಿ ಹೇಳುವವನು, ಮದುಮಗನ ಕ್ಷೌರಕ್ಕೆ ಕುಲಗೋಡದ ಇನ್ನೊಬ್ಬನಿಗೆ ಹೇಳಿಕಳಿಸಿದ. ಅಂಜಿಕೆಯಿಂದಲ್ಲ, ಶುಭಕಾರ್ಯ ನೋಡು ಎಂದ. ಅಂಜಿಕೆಯಿಂದಲೇ ಎಂದು ನನಗೆ ಗೊತ್ತಿತ್ತು.

ಸೋಜಿಗವೆಂದರೆ ನಮ್ಮ ಅವ್ವ ಶಿವಗಂಗವ್ವ ಇದಕ್ಕೆ ಒಪ್ಪಲಿಲ್ಲ. ಅವಳ ಪ್ರಕಾರ ಹನಮಂತ ಕುಡಿದು ಕಥೆ ಹೇಳಿದ್ದ. ಕೊಲೆಗಾರ ಕತ್ತಿ ಎತ್ತಿದ್ದು ಬಲಗೈಯಲ್ಲಿ, ಅವಳೇ ಕಣ್ಣಾರೆ ಕಂಡಿದ್ದಾಳೆ. ಅಷ್ಟೇ ಅಲ್ಲ, ಆ ಚಿತ್ರದ ಒಳ್ಳೆಯವರೆಲ್ಲ ಎಡಗೈಯಲ್ಲಿ ಉಣ್ಣುತ್ತಾರೆ, ಎಡಗೈಯಲ್ಲಿ ವಿಭೂತಿ ಧರಿಸುತ್ತಾರೆ, ಮದುಮಕ್ಕಳಿಗೆ ಅಕ್ಕಿಕಾಳು ಹಾಕುವುದೂ ಎಡಗೈಯಲ್ಲೇ. ಚಿತ್ರ ತೆಗೆದ ಮುಂಬಯಿಯವರಿಗೆ ರೀತಿ ರಿವಾಜು ಇಲ್ಲ, ಇರಲಿ. ಆದರೆ ಅಷ್ಟು ಜನರಲ್ಲಿ ಬಲಗೈ ಬಳಸಿದವನು ಆ ಪಾಪಿ ಒಬ್ಬನೇ. ಕೆರೆಯ ದಂಡೆಯಲ್ಲಿ ಎಲ್ಲ ಹೆಣ್ಣುಮಕ್ಕಳ ಮಾತೂ ಇದೇ. ಅವರ ಲೆಕ್ಕದಲ್ಲಿ ಊರಿನಲ್ಲಿ ನಂಬಬಹುದಾದ ಗಂಡಸು ಹೊಳೆಪ್ಪ ಒಬ್ಬನೇ ಉಳಿದಿದ್ದ. ಬಾಜೂ ಮನೆಯ ಅಕ್ಕವ್ವ ತನ್ನ ಗಂಡ ಬಲಗೈಯವನೆಂದು ಈಳಿಗೆಯನ್ನು ಹಾಸಿಗೆಯ ಸುರುಳಿಯಲ್ಲಿ ಮುಚ್ಚಿಟ್ಟಳು. ಮನೆಮನೆಯಲ್ಲೂ ಗಂಡ ಎಡ ಎಂದರೆ ಹೆಂಡತಿ ಬಲ ಎನ್ನುತ್ತಿದ್ದಳು. ಅದರಲ್ಲೇನೂ ಹೊಸದಿಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿಕೊಂಡವಳು ಹೊಳೆಪ್ಪನ ಹೆಂಡತಿ ಕಾಶೆವ್ವ. ಮಂಗಳವಾರ ಮಧ್ಯಾಹ್ನ ಅವಳು ನಮ್ಮ ಬೆಲ್ಲದ ಅಂಗಡಿಗೆ ಬಂದಳು. ಕಾಕಾ ಕತ್ತಿ, ಕನ್ನಡಿ, ತಂಬಿಗೆ ಎಲ್ಲ ಗಂಟು ಕಟ್ಟಿದ್ದನಂತೆ. ಮದುಮಗನ ಕ್ಷೌರವೇ ಕೈತಪ್ಪಿದ ಮೇಲೆ ಈ ಊರಲ್ಲಿ ಯಾವ ಮುಖ ಇಟ್ಟುಕೊಂಡು ಕೂಡಲಿ, ಹುಕ್ಕೇರಿಯಲ್ಲಿ ತನ್ನ ಕೈ ಯಾರಿಗೂ ಗೊತ್ತಿಲ್ಲ, ಅಲ್ಲಿಗೇ ಹೋಗುತ್ತೇನೆ ಎಂದಿದ್ದನಂತೆ. ರುಮಾಲಿನೊಳಗೆ ನನ್ನ ಗಲ್ಲ ಬಿಸಿಯಾಯಿತು. ಮೊದಲು ಓಡಿದವನು ನಾನೇ ಅಲ್ಲವೇ. ಕಾಶೆವ್ವ ಅಳಲೂ ಇಲ್ಲ, ಬೇಡಲೂ ಇಲ್ಲ.

"ಸಾವಕಾರ್ರ, ಇವತ್ತ ಕಡೀ ಆಟ ಐತಿ," ಎಂದಳು. "ಒಂದ ಸರ್ತಿ ನಮ್ಮ ಕಡೆ ಕುಂತ ನೋಡ್ರಿ."

ಅಪ್ಪ ಒಪ್ಪಿದ. ಹೊಳೆಪ್ಪನ ಮೇಲಿನ ಕರುಣೆಯಿಂದಲ್ಲ, ಹೆಂಡತಿಯ ಮಾತು ಸುಳ್ಳು ಮಾಡುವ ಹಟದಿಂದ. ಅವನು ಹಿಂದೆ ಕೂಡುತ್ತಾನೆಂದ ಮೇಲೆ ಊರ ಗಂಡಸರೆಲ್ಲ ಹಿಂದೆ ಹೋದರು, ಹೆಣ್ಣುಮಕ್ಕಳೆಲ್ಲ ಮುಂದೆ ಬಂದರು. ಕಾಶೆವ್ವ ಗಂಡನನ್ನೂ ಎಳೆದುಕೊಂಡು ಬಂದಿದ್ದಳು. ಗಂಡಸರ ಸಾಲಿನ ತುದಿಯಲ್ಲಿ ಅವನು ಎಡಗೈಯನ್ನು ಧೋತರದ ಮಡಿಕೆಯಲ್ಲಿ ಅಡಗಿಸಿಕೊಂಡು ಕೂತಿದ್ದ. ಅದನ್ನು ನೋಡಿ ನಾನು ಅವನಿಗೆ ಕಾಣದಂತೆ ಉದ್ದಪ್ಪನ ಬೆನ್ನ ಹಿಂದೆ ಸರಿದು ಕೂತೆ.

ಚಿತ್ರ ಸುರುವಾಯಿತು. ಉದ್ದ ಕೋಟಿನವನು ಊಟಕ್ಕೆ ಕೂತ, ಎಡಗೈಯಲ್ಲಿ ಉಂಡ. ಮನೆಯ ಹಿರಿಯ ಎಡಗೈಯಲ್ಲಿ ವಿಭೂತಿ ಧರಿಸಿದ. ಗಂಡಸರು ಮುಖ ಮುಖ ನೋಡಿಕೊಂಡರು. ಇವತ್ತು ಬೇರೆ ಚಿತ್ರ ಹಚ್ಚಿದ್ದಾರೆಯೇ ಎಂದು ಅಪ್ಪ ಪಡದೆಯ ಆಚೆಗೆ ಕೂಗಿ ಕೇಳಿದ. ಅದೇ ಚಿತ್ರ ಎಂದ ಹನಮಂತ. ಕೊನೆಗೆ ಗೋಡೆಯ ಮೇಲೆ ಆ ಕೈ ಎದ್ದಿತು. ಹನಮಂತ ರೂಢಿಯಂತೆ ಎಡಗೈ ಎಂದು ಕೂಗಿದ. ಆ ಕಡೆಯಿಂದ ಹೆಣ್ಣುಮಕ್ಕಳೆಲ್ಲ ಹೌದು, ಎಡಗೈ ಎಂದರು. ಈ ಕಡೆ ನಾವೆಲ್ಲ ಸುಳ್ಳು, ಬಲಗೈ ಎಂದೆವು. ನಮ್ಮ ಅಪ್ಪ ತನ್ನ ಬಲಗೈಯನ್ನು ಮುಖದ ಮುಂದೆ ಹಿಡಿದು, ಹಿಂದೆ ಮುಂದೆ ತಿರುವಿ ನೋಡಿ, ನಿಧಾನವಾಗಿ ಕಂಕುಳಲ್ಲಿ ಇಟ್ಟುಕೊಂಡ.

ಉದ್ದಪ್ಪ ಅದನ್ನು ಕಂಡು ನಕ್ಕ. ಅಪ್ಪನೂ ನಕ್ಕ. ತೋಯಿಸಿದ ಬಟ್ಟೆಯ ಎರಡು ಮಗ್ಗುಲಿನ ಗುಟ್ಟು ತಿಳಿಯಲು ನಮಗೆ ನಾಲ್ಕು ದಿನ ಬೇಕಾಯಿತು ನೋಡಿ, ಇದು ನಮ್ಮ ಶಾಣ್ಯಾತನ. ಪಡದೆಯ ಮೇಲೆ ಮೂರನೆಯ ಕೊಲೆ ನಡೆಯುವಾಗ ತಂಬುವಿನ ಎರಡೂ ಕಡೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹನಮಂತ ಸಿಟ್ಟಿನಿಂದ ತುತ್ತೂರಿ ಕೆಳಗಿಟ್ಟ. ಬೆಳಗಾವಿಯಲ್ಲಿ ಈ ಚಿತ್ರ ನೋಡಿ ಜನ ಮೂರ್ಛೆ ಹೋಗಿದ್ದರಂತೆ.

ಆಟ ಬಿಟ್ಟ ಮೇಲೆ ಕಾಶೆವ್ವ ತಂಬುವಿನ ಬಾಗಿಲಲ್ಲೇ ಅಪ್ಪನನ್ನು ತಡೆದಳು.

"ಅತ್ಲಾಗಿಂದ ನೋಡಿದ್ರ ಎಡ, ಇತ್ಲಾಗಿಂದ ನೋಡಿದ್ರ ಬಲ. ನನ್ನ ಗಂಡನ್ನ ಯಾವ ಕಡಿಂದ ನೋಡಿದ್ರೂ ಅಂವ ಅಂವನ ರೀ. ಇಪ್ಪತ್ತ ವರ್ಷದಾಗ ಯಾರ ಕುತ್ತಿಗಿಗೆ ಒಂದ ಗೀರು ಬಿದ್ದೈತಿ ಹೇಳ್ರಿ."

ಅಪ್ಪ ಕಾಕಾನ ಹತ್ತಿರ ಹೋಗಿ, ನಾಳೆ ಹೊತ್ತು ಏರುವ ಮುಂಚೆ ಬಾ ಎಂದಷ್ಟೇ ಹೇಳಿದ. ಕುಲಗೋಡದಿಂದ ಬಂದವನಿಗೆ ಹೋಳಿಗೆಯ ಊಟ ಹಾಕಿ, ಒಂದು ಪೆಂಟಿ ಬೆಲ್ಲ ಕೊಟ್ಟು ಕಳಿಸಿದರು.

ಬುಧವಾರ ಮುಂಜಾನೆ ನಮ್ಮ ಅಂಗಳ ತುಂಬ ಮಂದಿ. ಒಳಗೆ ಅರಿಷಿಣ ಕುಟ್ಟುವ ಹಾಡು ನಡೆದಿತ್ತು. ನನ್ನನ್ನು ಮಣೆಯ ಮೇಲೆ ಕೂಡಿಸಿ ರುಮಾಲು ಬಿಚ್ಚಿದಾಗ ಅರ್ಧ ಗಡ್ಡ ಎಲ್ಲರಿಗೂ ಕಂಡಿತು. ಎಷ್ಟು ನಕ್ಕರೆಂದರೆ ಹಾಡು ನಿಂತಿತು. ಅವ್ವ ಮಾತ್ರ ಲವಂಗ ದಂಡವಾಯಿತೆಂದು ಬೈದಳು.

ಕಾಕಾ ನಗಲಿಲ್ಲ. ತನ್ನಪ್ಪನ ಕಿವಿಯ ಕಥೆಯನ್ನೂ ಹೇಳಲಿಲ್ಲ. ಸಾಬೂನು ಹಚ್ಚಿ, ಕತ್ತಿ ಮಸೆದು, ಅದನ್ನು ಬಲಗೈಯಲ್ಲಿ ಹಿಡಿದುಕೊಂಡ. ಕತ್ತಿ ಆ ಕೈಗೆ ಒಗ್ಗಲಿಲ್ಲ, ಎರಡು ಸಲ ಹಿಡಿತ ಬದಲಿಸಿದ.

"ತಮ್ಮಾ, ನಿನಗ ಇನ್ನೂ ಅಂಜಿಕಿ ಇದ್ರ ಇದ ಕೈಲೆ ಮಾಡ್ತೇನಿ," ಎಂದ ಮೆಲ್ಲಗೆ. "ತಡಾ ಆಗತೈತಿ, ಅಷ್ಟ."

ಚಿಕ್ಕಂದಿನಿಂದ ನನ್ನ ತಲೆ ಹಿಡಿದ ಕೈಯನ್ನು ಬಿಟ್ಟು ಎದ್ದು ಓಡಿದ್ದೆ, ಅವನು ಈಗಲೂ ನನ್ನ ಅಂಜಿಕೆಯನ್ನೇ ನೋಡುತ್ತಿದ್ದ.

"ನಿನ್ನ ಕೈಲೆ ಮಾಡ ಕಾಕಾ," ಎಂದೆ.

ಅವನು ಕತ್ತಿಯನ್ನು ಎಡಗೈಗೆ ತೆಗೆದುಕೊಂಡು, ಬಲಗೈಯಿಂದ ನನ್ನ ಗದ್ದ ಎತ್ತಿ, "ನಮ್ಮಪ್ಪಗ ಒಂದ ಸರ್ತಿ ಏನಾತಪಾ ಅಂದ್ರ..." ಎಂದು ಸುರು ಮಾಡಿದ. ನಾನು ಕಣ್ಣು ತೆರೆದುಕೊಂಡೇ ಕೇಳಿದೆ.